ಹಳೇ ಬಸ್ಸಿನ ಎಂಜಿನ್ ಆಯಿಲ್ ಸೋರಿಕೆ: ಸೀಲ್ ಬಿಚ್ಚುವ ಮೊದಲು

ಹತ್ತು ಸೆಕೆಂಡಿಗೆ ಒಂದು ಹನಿ. ಹಳೆಯ ಡೀಸೆಲ್ ಬಸ್ಸಿನ ಕೆಳಗೆ ಇಷ್ಟು ಆಯಿಲ್ ತೊಟ್ಟಿಕ್ಕಿದರೆ ಯಾರೂ ಗಾಬರಿಯಾಗುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಸುಮಾರು 20 ಹನಿ ಸೇರಿದರೆ ಒಂದು ಮಿಲಿಲೀಟರ್. ಗಂಟೆಗೆ 360 ಹನಿ ಅಂದರೆ 18 ಮಿ.ಲೀ. ದಿನಕ್ಕೆ ಹನ್ನೆರಡು ಗಂಟೆ ಓಡುವ ಗಾಡಿಗೆ 216 ಮಿ.ಲೀ. ತಿಂಗಳಿಗೆ ಆರೂವರೆ ಲೀಟರ್. ಚೇಂಬರಿನಲ್ಲಿ (ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿ) 13 ಲೀಟರ್ ಹಿಡಿಯುವ ಎಂಜಿನ್ನಾದರೆ ಅರ್ಧ ಆಯಿಲ್ ರಸ್ತೆಗೆ ಹೋಯಿತು.

ಟಾಟಾದ 697 ಎಂಜಿನ್ ಇರುವ ಬಸ್ಸುಗಳನ್ನೂ ಲೇಲ್ಯಾಂಡಿನ ಹಿನೊ ಎಂಜಿನ್ ಇರುವ ಬಸ್ಸುಗಳನ್ನೂ ನಮ್ಮ ರಸ್ತೆಗಳು ದಶಕಗಳ ಕಾಲ ಕಂಡಿವೆ. ಟಾಟಾ ಮತ್ತು ಡೈಮ್ಲರ್-ಬೆಂಜ್ ನಡುವೆ 1954ರಿಂದ 1969ರವರೆಗೆ ಇದ್ದ ಒಪ್ಪಂದದ ವಂಶದ್ದು 697. ಆರು ಸಿಲಿಂಡರ್, 97 ಮಿ.ಮೀ. ಬೋರ್ (ಸಿಲಿಂಡರಿನ ಒಳಗಲ), 128 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ). ಇಂಥ ಎಂಜಿನ್ನುಗಳು ಬಲು ಗಟ್ಟಿ. ಬೋರ್ ಮಾಡಿಸಿ, ಬೇರಿಂಗ್ ಹಾಕಿಸಿ ಮತ್ತೆ ಮತ್ತೆ ಓಡಿಸಬಹುದು. ಅಷ್ಟು ವರ್ಷ ಬಾಳುವುದರಿಂದಲೇ ಸೋರಿಕೆಯೂ ಇವುಗಳ ಬೆನ್ನು ಬಿಡುವುದಿಲ್ಲ. ಸೋರುವ ಜಾಗದ ಸೀಲನ್ನೋ (ತಿರುಗುವ ಶಾಫ್ಟಿನ ಸುತ್ತ ಆಯಿಲ್ ತಡೆಯುವ ಬಳೆ) ಪ್ಯಾಕಿಂಗನ್ನೋ (ಎರಡು ಭಾಗ ಕೂಡುವಲ್ಲಿ ಇಡುವ ಪದರ) ಬದಲಿಸಿ ಕೈತೊಳೆದುಕೊಂಡರೆ ತಿಂಗಳೊಳಗೆ ಅದೇ ಜಾಗ ಮತ್ತೆ ಒದ್ದೆಯಾಗುವುದು ಏಕೆ ಎಂಬುದನ್ನು ಮೊದಲು ತಿಳಿಯಬೇಕು.

ಸಂದಿಯೊಂದರಿಂದ ದ್ರವ ಎಷ್ಟು ಹರಿಯುತ್ತದೆ ಎಂಬುದನ್ನು ಮೂರು ಸಂಗತಿಗಳು ತೀರ್ಮಾನಿಸುತ್ತವೆ: ಹಿಂದಿನಿಂದ ತಳ್ಳುವ ಒತ್ತಡ, ದ್ರವದ ಮಂದತೆ, ಸಂದಿಯ ಅಗಲ. ಒತ್ತಡ ಎರಡು ಪಟ್ಟಾದರೆ ಸೋರಿಕೆಯೂ ಎರಡು ಪಟ್ಟು. ಮಂದತೆಯ ವಿಷಯಕ್ಕೆ ಬಂದರೆ, 15ಡಬ್ಲ್ಯು-40 ದರ್ಜೆಯ ಎಂಜಿನ್ ಆಯಿಲ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕಿಂತ 100 ಡಿಗ್ರಿಯಲ್ಲಿ ಸುಮಾರು ಏಳು ಪಟ್ಟು ತೆಳುವಾಗಿರುತ್ತದೆ. ಬೆಳಿಗ್ಗೆ ಒಣಗಿದಂತೆ ಕಂಡ ಎಂಜಿನ್ ಚಾರ್ಮಾಡಿ ಘಾಟಿ ಹತ್ತಿ ಬಂದ ಮೇಲೆ ತೊಯ್ದಿರುವುದಕ್ಕೆ ಇದೂ ಒಂದು ಕಾರಣ. ಸಂದಿಯ ಅಗಲದ್ದು ಮಾತ್ರ ಭಯ ಹುಟ್ಟಿಸುವ ಲೆಕ್ಕ: ಅದರ ಪರಿಣಾಮ ಮೂರನೇ ಘಾತದಲ್ಲಿ ಏರುತ್ತದೆ. 0.05 ಮಿ.ಮೀ. ಸಂದಿ 0.1 ಮಿ.ಮೀ. ಆದರೆ ಸೋರಿಕೆ ಎಂಟು ಪಟ್ಟು. ಚೇಂಬರಿನ ಅಂಚು ಸ್ವಲ್ಪ ಬಾಗಿದರೂ ಸೋರಿಕೆ ಬಹಳ ಹೆಚ್ಚುತ್ತದೆ.

ಮೊದಲು ಒತ್ತಡವನ್ನು ನೋಡೋಣ. ಪಿಸ್ಟನ್ ರಿಂಗುಗಳು ಎಷ್ಟೇ ಹೊಸದಾಗಿದ್ದರೂ ಉರಿದ ಗಾಳಿ ಸ್ವಲ್ಪ ಅವುಗಳ ಪಕ್ಕದಿಂದ ಕೆಳಗಿಳಿಯುತ್ತದೆ. ನಿಮಿಷಕ್ಕೆ 2400 ಸುತ್ತು ತಿರುಗುವ ಆರು ಸಿಲಿಂಡರಿನ ಎಂಜಿನ್‌ನಲ್ಲಿ ನಿಮಿಷಕ್ಕೆ 7200 ಸಲ ಇಂಧನ ಹೊತ್ತಿಕೊಳ್ಳುತ್ತದೆ. ಪ್ರತಿ ಸಲವೂ ಒಂದಿಷ್ಟು ಗಾಳಿ ಎಂಜಿನ್ನಿನ ಕೆಳಗೂಡಾದ ಕ್ರ್ಯಾಂಕ್‌ಕೇಸಿಗೆ ಸೇರುತ್ತದೆ. ಅದು ಹೊರಹೋಗಲು ಇರುವ ದಾರಿ ಬ್ರೀದರ್. ಬ್ರೀದರಿನ ತಂತಿಜಾಲರಿಗೆ ಕಪ್ಪು ಜಿಡ್ಡು ಕಟ್ಟಿದರೆ, ಅಥವಾ ರಿಂಗು ಅಥವಾ ಲೈನರ್ (ಸಿಲಿಂಡರಿನ ಒಳಗೋಡೆ) ಸವೆದು ಗಾಳಿ ಹೆಚ್ಚಾದರೆ, ಒಳಗಿನ ಒತ್ತಡ ಏರಿ ಇರುವ ಎಲ್ಲ ಸೀಲುಗಳನ್ನೂ ಒಳಗಿನಿಂದ ತಳ್ಳುತ್ತದೆ. ಆಗ ಹೊಸ ಸೀಲು ಹಾಕಿದರೆ ಆಯಿಲ್ ಪಕ್ಕದ ದುರ್ಬಲ ಜಾಗ ಹುಡುಕಿಕೊಳ್ಳುತ್ತದೆ, ಅಷ್ಟೆ.

ಇದನ್ನು ಅಳೆಯಲು ದುಬಾರಿ ಉಪಕರಣ ಬೇಡ. 8-10 ಮಿ.ಮೀ. ಒಳಗಲದ ಪಾರದರ್ಶಕ ಪೈಪು ಎರಡು ಮೀಟರ್ ತನ್ನಿ. ಒಂದು ಹಲಗೆಯ ಮೇಲೆ ಅದನ್ನು ‘ಯು’ ಆಕಾರದಲ್ಲಿ ಕಟ್ಟಿ, ಪಕ್ಕದಲ್ಲಿ ಸ್ಕೇಲು ಅಂಟಿಸಿ, ಬಣ್ಣ ಬೆರೆಸಿದ ನೀರನ್ನು ಅರ್ಧಕ್ಕೆ ತುಂಬಿ. ಆಯಿಲ್ ಮಟ್ಟ ನೋಡುವ ಕಡ್ಡಿಯನ್ನು (ಡಿಪ್‌ಸ್ಟಿಕ್) ತೆಗೆದು ಆ ನಳಿಕೆಗೆ ಪೈಪಿನ ಒಂದು ತುದಿಯನ್ನು ಬಿಗಿಯಾಗಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ತೆರೆದಿಡಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲ್‌ನಲ್ಲೂ, ಬಳಿಕ ಪೂರ್ತಿ ಆಕ್ಸಿಲರೇಟರ್ ಒತ್ತಿಯೂ ಎರಡು ಕಡೆಯ ನೀರಿನ ಎತ್ತರದ ವ್ಯತ್ಯಾಸ ಬರೆದುಕೊಳ್ಳಿ. ಎಂಜಿನ್ನಿನಿಂದ ಎಂಜಿನ್ನಿಗೆ ಮಿತಿ ಬೇರೆ, ಅದಕ್ಕೆ ಕಂಪನಿಯ ಕೈಪಿಡಿಯೇ ಪ್ರಮಾಣ. ಆರೋಗ್ಯವಾಗಿರುವ ಎಂಜಿನ್‌ನಲ್ಲಿ ಅದು ಕೆಲವೇ ಸೆಂಟಿಮೀಟರ್ ಇರುತ್ತದೆ. ನೀರು ಪೈಪಿನಿಂದ ಹೊರಗೆ ಚಿಮ್ಮುವ ಎಂಜಿನ್ನಿಗೆ ಸೀಲು ತಂದು ಪ್ರಯೋಜನವಿಲ್ಲ.

ಅಳತೆ ಜಾಸ್ತಿ ಬಂದರೆ ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು, ಗಾಳಿ ಹೊಡೆದು ಮತ್ತೆ ನೋಡಿ. ಅದರ ರಬ್ಬರ್ ಪೈಪು ಎಲ್ಲಾದರೂ ಮಡಚಿಕೊಂಡಿದೆಯೇ, ಒಳಪದರ ಊದಿದೆಯೇ ಎಂದೂ ಬೆಳಕು ಹಾಯಿಸಿ ನೋಡಬೇಕು. ಆಮೇಲೂ ಇಳಿಯದಿದ್ದರೆ ರಿಂಗಿನ ಮೇಲೆ ತಪ್ಪು ಹೊರಿಸುವ ಮೊದಲು ಇನ್ನೊಂದು ಪರೀಕ್ಷೆ ಉಳಿದಿದೆ, ಬಸ್ಸಿಗೇ ವಿಶೇಷವಾದದ್ದು. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್‌ಗೆ ಎಂಜಿನ್ನಿನದೇ ಆಯಿಲ್ ಹೋಗಿ, ಮರಳಿ ಚೇಂಬರಿಗೆ ಬರುತ್ತದೆ. ಕಂಪ್ರೆಸರಿನ ರಿಂಗು ಸವೆದಿದ್ದರೆ ಒತ್ತಿದ ಗಾಳಿಯೂ ಅದೇ ದಾರಿಯಲ್ಲಿ ಬಂದು ಕ್ರ್ಯಾಂಕ್‌ಕೇಸನ್ನು ಊದುತ್ತದೆ. ಗಾಳಿ ಟ್ಯಾಂಕು ತುಂಬಿ ಅನ್‌ಲೋಡರ್ (ಕಂಪ್ರೆಸರ್ ಗಾಳಿ ಒತ್ತುವುದನ್ನು ನಿಲ್ಲಿಸುವ ವಾಲ್ವ್) ‘ಫುಸ್’ ಎಂದ ಗಳಿಗೆಯಲ್ಲಿ ನೀರಿನ ಮಟ್ಟ ತಟ್ಟನೆ ಇಳಿದರೆ ಕಳ್ಳ ಸಿಕ್ಕ ಹಾಗೆ. ಕಂಪ್ರೆಸರ್ ರಿಪೇರಿ ಮಾಡಿಸಿ. ಎಂಜಿನ್ ಬಿಚ್ಚುವ ಖರ್ಚು ಉಳಿಯುತ್ತದೆ. ಗಾಳಿ ಟ್ಯಾಂಕಿನ ಡ್ರೈನ್ ತಿರುಗಿಸಿದಾಗ ನೀರಿನ ಜತೆ ಕಪ್ಪು ಆಯಿಲ್ ಬರುತ್ತಿದ್ದರೆ ಈ ಅನುಮಾನಕ್ಕೆ ಬಲ ಬಂತು.

ಒತ್ತಡ ಸರಿಯಿದೆ, ಆದರೂ ಸೋರುತ್ತಿದೆ ಅನ್ನಿ. ಈಗ ಮೂಲ ಹುಡುಕಬೇಕು. ಮುಂದೆ ಎಂಜಿನ್ ಇರುವ ಬಸ್ಸುಗಳಲ್ಲಿ ಫ್ಯಾನಿನ ಗಾಳಿ ಆಯಿಲನ್ನು ಹಿಂದಕ್ಕೆ ಒಯ್ಯುತ್ತದೆ, ತೂಕ ಕೆಳಕ್ಕೆಳೆಯುತ್ತದೆ. ಆದ್ದರಿಂದ ಹನಿ ಬಿದ್ದ ಜಾಗಕ್ಕಿಂತ ಮೂಲ ಸಾಮಾನ್ಯವಾಗಿ ಮೇಲೆ ಮತ್ತು ಮುಂದೆ ಇರುತ್ತದೆ. ಎಂಜಿನ್ ನೆತ್ತಿಯ ಟ್ಯಾಪೆಟ್ ಕವರಿನ ಸೋರಿಕೆ ಬ್ಲಾಕಿನ ಹಿಂಬದಿಯಲ್ಲಿ ಇಳಿದು ಕ್ಲಚ್ ಹೌಸಿಂಗ್ ಮೇಲೆ ಹರಿದು ಕ್ರ್ಯಾಂಕ್ ಶಾಫ್ಟಿನ ಹಿಂದಿನ ತುದಿಯ ಆಯಿಲ್ ಸೀಲಿನ ಸೋರಿಕೆಯ ವೇಷ ಹಾಕುತ್ತದೆ. ಅದನ್ನು ನಂಬಿ ಗೇರ್ ಬಾಕ್ಸ್ ಇಳಿಸಿದರೆ ಎರಡು ದಿನದ ದುಡಿಮೆ ನೀರುಪಾಲು. ಎಂಜಿನ್ನನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಬ್ರಷ್‌ನಿಂದ ಉಜ್ಜಿ, ಗಾಳಿ ಹೊಡೆದು ಪೂರ್ತಿ ಒಣಗಿಸಿ. ಟಯರ್ ಅಂಗಡಿಯಲ್ಲಿ ಟ್ಯೂಬಿಗೆ ಬಳಿಯುವ ಬಿಳಿ ಪುಡಿಯನ್ನು ಅನುಮಾನದ ಜಾಗಗಳಿಗೆ ಊದಿ. ಫ್ಯಾನ್ ಬೆಲ್ಟ್, ಪುಲ್ಲಿಯ ಹತ್ತಿರ ಕೈಯಾಗಲಿ ಬಟ್ಟೆಯಾಗಲಿ ಹೋಗದಂತೆ ನೋಡಿಕೊಂಡು ಎಂಜಿನ್ ಚಾಲೂ ಮಾಡಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆಯ ಮೇಲ್ತುದಿಯೇ ಮೂಲ.

ಸೋರುತ್ತಿರುವುದು ಯಾವ ಆಯಿಲ್ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ಡೀಸೆಲ್ ಎಂಜಿನ್ ಆಯಿಲ್ ಕರ್ರಗೆ ಮಸಿಯಂತಿರುತ್ತದೆ. ಗೇರ್ ಆಯಿಲ್ ಮಂದ, ಅದಕ್ಕೆ ಗಂಧಕದ ಘಾಟು. ಡೀಸೆಲ್ ಪಂಪಿನ ಕಡೆಯಿಂದ ಬರುವ ಡೀಸೆಲ್ ಕಾಗದದ ಮೇಲೆ ಬೇಗ ಹರಡುತ್ತದೆ, ವಾಸನೆಯೂ ಬೇರೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಆಯಿಲಿಗೆ ಡೀಸೆಲ್ ಸೇರುತ್ತಿದೆ ಎಂದು ಅನುಮಾನಿಸಿ. ತೆಳುವಾದ ಆಯಿಲ್ ಹೆಚ್ಚು ಸೋರುತ್ತದೆ, ಅದಕ್ಕಿಂತ ಮುಖ್ಯವಾಗಿ ಬೇರಿಂಗನ್ನು ತಿಂದುಹಾಕುತ್ತದೆ.

ಹಿಂದಿನ ಆಯಿಲ್ ಸೀಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ರಬ್ಬರಿನ ತುಟಿ ಶಾಫ್ಟನ್ನು ಗಟ್ಟಿಯಾಗಿ ಅಪ್ಪಿ ಆಯಿಲನ್ನು ತಡೆಯುತ್ತದೆ ಎಂದು ಸಾಮಾನ್ಯ ತಿಳುವಳಿಕೆ. ನಿಜದಲ್ಲಿ ತಿರುಗುವ ಶಾಫ್ಟಿಗೂ ತುಟಿಗೂ ನಡುವೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ದಪ್ಪದ ಆಯಿಲ್ ಪೊರೆ ಇರಲೇಬೇಕು. ಇಲ್ಲದಿದ್ದರೆ ರಬ್ಬರ್ ಸುಟ್ಟು ಗಾಜಿನಂತಾಗುತ್ತದೆ. ಆ ಪೊರೆ ಹೊರಗೆ ಬರುವುದಿಲ್ಲ ಏಕೆ? ಸೀಲನ್ನು ಅಡ್ಡ ಕೊಯ್ದು ನೋಡಿದರೆ ತುಟಿಯ ಎರಡು ಇಳಿಜಾರು ಒಂದೇ ತರಹ ಇಲ್ಲ. ಆಯಿಲ್ ಕಡೆಯದು ಕಡಿದು, ಸುಮಾರು 45 ಡಿಗ್ರಿ. ಗಾಳಿ ಕಡೆಯದು ಓರೆ, 25 ಡಿಗ್ರಿ ಆಸುಪಾಸು. ಈ ಅಸಮತೆಯಿಂದ, ಶಾಫ್ಟು ತಿರುಗುವಾಗ ತುಟಿಯ ಮೇಲಿನ ಅತಿ ಸಣ್ಣ ಉಬ್ಬುತಗ್ಗುಗಳು ಓರೆಯಾಗಿ ಎಳೆಯಲ್ಪಟ್ಟು ಆಯಿಲನ್ನು ಒಳಕ್ಕೇ ತಳ್ಳುತ್ತವೆ. ಅಂದರೆ ಆಯಿಲ್ ಸೀಲು ಒಂದು ಪುಟಾಣಿ ಪಂಪು. ಹಿಂದುಮುಂದಾಗಿ ಕೂರಿಸಿದರೆ ಅದೇ ಪಂಪು ಆಯಿಲನ್ನು ಹೊರಕ್ಕೆ ಹಾಕುತ್ತದೆ. ತುಟಿಯ ಸುತ್ತಲಿನ ಸ್ಪ್ರಿಂಗ್ ಕಾಣುವ ಬದಿ ಆಯಿಲ್ ಕಡೆಗೇ ಇರಬೇಕು ಎನ್ನುವುದು ಇದಕ್ಕೇ.

ಪಂಪು ಎಂದು ಅರ್ಥವಾದರೆ ಉಳಿದ ಎಚ್ಚರಿಕೆಗಳೂ ಅರ್ಥವಾಗುತ್ತವೆ. ಶಾಫ್ಟಿನ ಮೇಲೆ ತುಕ್ಕು ಇದೆಯೆಂದು ಎಮರಿ ಪೇಪರನ್ನು ಅಕ್ಕಪಕ್ಕ ಸರಿಸುತ್ತಾ ಉಜ್ಜಿದರೆ ಸ್ಕ್ರೂ ಮರೆಯಂಥ ಓರೆ ಗೀರುಗಳು ಉಳಿಯುತ್ತವೆ. ಶಾಫ್ಟು ತಿರುಗಿದಾಗ ಆ ಗೀರುಗಳೇ ಆಯಿಲನ್ನು ಹೊರಗೆ ಸಾಗಿಸುತ್ತವೆ. ನಯವಾದ ಪೇಪರನ್ನು ಶಾಫ್ಟಿನ ಸುತ್ತಲೂ, ನೇರವಾಗಿ ಮಾತ್ರ ಎಳೆಯಬೇಕು. ಹಳೆಯ ತುಟಿ ಓಡಿದ ಜಾಗದಲ್ಲಿ ಉಗುರಿಗೆ ಸಿಕ್ಕುವ ತೋಡು ಇದ್ದರೆ ಪಾಲಿಶ್ ಸಾಲದು. ಹೌಸಿಂಗಿನಲ್ಲಿ ಜಾಗವಿದ್ದರೆ ಹೊಸ ಸೀಲನ್ನು ಒಂದೆರಡು ಮಿ.ಮೀ. ಆಚೀಚೆ ಕೂರಿಸಿ, ಅಥವಾ ಸುಮಾರು 0.28 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ತೋಳನ್ನು ಶಾಫ್ಟಿಗೆ ಏರಿಸಿ. ಅಷ್ಟು ತೆಳುವಾದ್ದರಿಂದ ಸೀಲಿನ ಅಳತೆ ಬದಲಿಸಬೇಕಿಲ್ಲ. ಮೇನ್ ಬೇರಿಂಗ್ ಸವೆದು ಕ್ರ್ಯಾಂಕ್ ಅಲ್ಲಾಡುತ್ತಿದ್ದರೆ ತುಟಿ ಅದನ್ನು ಹಿಂಬಾಲಿಸಲಾರದು. ಡಯಲ್ ಗೇಜ್ ಇಟ್ಟು ನೋಡದೆ ಸೀಲು ಕೂರಿಸಬೇಡಿ.

ಕೂರಿಸುವಾಗ ಉಳಿ-ಸುತ್ತಿಗೆ ಬೇಡವೇ ಬೇಡ. ಸೀಲಿನ ಹೊರ ಅಂಚಿನಷ್ಟೇ ಅಗಲದ ನೈಲಾನ್ ಅಥವಾ ಮರದ ಬಿಲ್ಲೆಯಿಂದ ಸಮವಾಗಿ ಒತ್ತಬೇಕು. ರಬ್ಬರ್ ತುಟಿಗೆ ಆಯಿಲ್ ಸವರಬೇಕು. ಬಿಳಿಯ ಅಥವಾ ಕಂದು ಟೆಫ್ಲಾನ್ ತುಟಿಯದಾದರೆ ಒಣಗಿದಂತೆಯೇ ಹಾಕಬೇಕು. ಮಾಮೂಲಿ ನೈಟ್ರೈಲ್ ರಬ್ಬರ್ 100 ಡಿಗ್ರಿ ದಾಟಿದರೆ ಬೇಗ ಗಟ್ಟಿಯಾಗುತ್ತದೆ, ವೈಟಾನ್ 200 ಡಿಗ್ರಿಯವರೆಗೆ ತಾಳುತ್ತದೆ. ಗೇರ್ ಬಾಕ್ಸ್ ಇಳಿಸುವ ಕೂಲಿಯ ಮುಂದೆ ಇವೆರಡರ ಬೆಲೆಯ ವ್ಯತ್ಯಾಸ ಏನೇನೂ ಅಲ್ಲ.

ಇನ್ನೂ ಹಳೆಯ ಎಂಜಿನ್ನುಗಳಲ್ಲಿ ರಬ್ಬರ್ ಸೀಲಿನ ಬದಲು ಹಗ್ಗದಂಥ ಗ್ರಾಫೈಟ್ ಪ್ಯಾಕಿಂಗ್ ಇರುತ್ತದೆ, ಎರಡು ಅರ್ಧವಾಗಿ. ಅದನ್ನು ಆಯಿಲ್‌ನಲ್ಲಿ ನೆನೆಸಿ, ಅದರ ತೋಡಿನೊಳಗೆ ಇಟ್ಟು, ನಯವಾದ ದುಂಡು ಕಬ್ಬಿಣದಿಂದ ಮಧ್ಯದಿಂದ ತುದಿಗೆ ಉರುಳಿಸಿ ಕೂರಿಸಬೇಕು. ತುದಿಗಳು ಅರ್ಧದಿಂದ ಒಂದು ಮಿ.ಮೀ. ಹೊರಚಾಚಿರಲಿ, ಎರಡೂ ಅರ್ಧ ಬಿಗಿಯಾದಾಗ ಆ ತುದಿಗಳು ಒಂದನ್ನೊಂದು ಅದುಮುತ್ತವೆ. ಹಳೆಯ ಪ್ಯಾಕಿಂಗ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒಣಗಿದ್ದನ್ನು ತಂತಿ ಬ್ರಷ್‌ನಿಂದ ಉಜ್ಜಿ ಪುಡಿ ಎಬ್ಬಿಸಬೇಡಿ, ಗಾಳಿಯನ್ನಂತೂ ಹೊಡೆಯಲೇಬೇಡಿ. ಒದ್ದೆ ಮಾಡಿ ತೆಗೆದು ಚೀಲದಲ್ಲಿ ಕಟ್ಟಿ. ಆ ಧೂಳು ಶ್ವಾಸಕೋಶದಿಂದ ಹೊರಬರುವುದಿಲ್ಲ.

ಸೀಲು ಹಾಕುವಷ್ಟರಲ್ಲಿ ಫ್ಲೈವೀಲ್ ಬಿಚ್ಚಿಯೇ ಇರುತ್ತೀರಿ. ಕ್ಯಾಮ್‌ಶಾಫ್ಟಿನ ಹಿಂಬದಿಯ ಮುಚ್ಚಳ, ಆಯಿಲ್ ಗ್ಯಾಲರಿಯ (ಬ್ಲಾಕಿನೊಳಗಿನ ಆಯಿಲ್ ಕಾಲುವೆಯ) ಪ್ಲಗ್ಗುಗಳನ್ನು ಆಗಲೇ ನೋಡಿಬಿಡಿ. ಗ್ಯಾಲರಿಯಲ್ಲಿರುವುದು ಆಯಿಲ್ ಪಂಪಿನ ಪೂರ್ತಿ ಒತ್ತಡದ ಆಯಿಲ್.

ಚೇಂಬರ್ ಪ್ಯಾಕಿಂಗಿನ ಕಷ್ಟ ಬೇರೆ ಬಗೆಯದು. ಕಾರ್ಕ್ ಪ್ಯಾಕಿಂಗ್ ಬಿಸಿಗೆ ಒಣಗಿ ಕುಗ್ಗುತ್ತದೆ, ಬೋಲ್ಟು ಸಡಿಲವಾಗುತ್ತದೆ, ಯಾರೋ ಬಂದು ಬಲವಾಗಿ ಬಿಗಿಯುತ್ತಾರೆ. ತಗಡಿನ ಅಂಚು ಪ್ರತಿ ತೂತಿನ ಸುತ್ತ ಮೇಲಕ್ಕೆ ಉಬ್ಬುತ್ತದೆ. ಆಮೇಲೆ ಬೋಲ್ಟಿನ ಬುಡದಲ್ಲಿ ಕಾರ್ಕ್ ಚಪ್ಪಟೆ, ಎರಡು ಬೋಲ್ಟಿನ ನಡುವೆ ಬಾಯಿ ಬಿಟ್ಟ ಸಂದಿ. ಚೇಂಬರನ್ನು ಇಳಿಸಿ, ಅಂಚನ್ನು ಸಮತಟ್ಟಾದ ಕಬ್ಬಿಣದ ದಿಮ್ಮಿಯ ಮೇಲಿಟ್ಟು ಆ ಉಬ್ಬುಗಳನ್ನು ಮೆಲ್ಲಗೆ ತಟ್ಟಿ ಹಿಂದಕ್ಕೆ ಕಳಿಸಬೇಕು. ಉಕ್ಕಿನ ಪಟ್ಟಿ ಇಟ್ಟು ನೋಡಿ: ಅದರಡಿ ಎಲ್ಲೂ 0.5 ಮಿ.ಮೀ. ಫೀಲರ್ (ಸಂದಿ ಅಳೆಯುವ ತೆಳು ತಗಡು) ನುಸುಳಬಾರದು. ಹೊಸ ಕಾರ್ಕ್ ಅಂಗಡಿಯಲ್ಲೇ ಒಣಗಿ ತೂತುಗಳು ಹೊಂದದಿದ್ದರೆ ಸ್ವಲ್ಪ ಹೊತ್ತು ಬೆಚ್ಚನೆಯ ನೀರಿನಲ್ಲಿ ನೆನೆಸಿದರೆ ಹಿಗ್ಗುತ್ತದೆ, ನೀರೊರೆಸಿ ಹಾಕಿ.

ಬಿಗಿಯುವುದು ಮಧ್ಯದಿಂದ ಹೊರಕ್ಕೆ, ಎದುರುಬದುರಾಗಿ, ಮೂರು ಸುತ್ತಿನಲ್ಲಿ. ಕಾರ್ಕಿನ ಮೇಲಿನ 8 ಮಿ.ಮೀ. ಬೋಲ್ಟಿಗೆ 10 ನ್ಯೂಟನ್-ಮೀಟರ್ ಆಸುಪಾಸು ಸಾಕು. 15 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ ಏಳು ಕೆ.ಜಿ.ಯಷ್ಟು ಒತ್ತಿದರೆ ಅಷ್ಟಾಗುತ್ತದೆ. ಕಾರ್ಕ್ ಅಂಚಿನಲ್ಲಿ ಉಬ್ಬಲು ಶುರುವಾಯಿತೆಂದರೆ ನಿಲ್ಲಿಸಿ. ಬೋಲ್ಟಿಗೆ ಕೊಟ್ಟ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ, ಅದುಮಲು ಉಳಿಯುವುದು ಒಂದೇ ಪಾಲು. ಹಾಗಾಗಿ ಸ್ಕ್ರೂ ಮರೆಗೆ ಆಯಿಲ್ ತಾಗಿದ ಬೋಲ್ಟು ಅದೇ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಬಹಳ ಹೆಚ್ಚು ಎಳೆಯುತ್ತದೆ. ಬ್ಲಾಕಿನ ಕುರುಡು ತೂತುಗಳಲ್ಲಿ (ಆಚೆ ಬದಿ ತೆರೆಯದವು) ಆಯಿಲ್ ನಿಂತಿದ್ದರೆ ಬೋಲ್ಟು ಅದನ್ನು ಪಿಸ್ಟನ್ನಿನಂತೆ ಒತ್ತಿ ಎರಕವನ್ನೇ ಸೀಳಬಲ್ಲದು. ಗಾಳಿ ಹೊಡೆದು ಒಣಗಿಸಿಯೇ ಬೋಲ್ಟು ಹಾಕಿ.

ಸಿಲಿಕಾನ್ ಪೇಸ್ಟಿಗೂ ಅದರ ಜಾಗವಿದೆ. ಟೈಮಿಂಗ್ ಕವರ್, ಬ್ಲಾಕ್, ಚೇಂಬರ್ ಮೂರೂ ಕೂಡುವ ಮೂಲೆಯಲ್ಲಿ ಒಂದು ಚೂರು ಬೇಕೇ ಬೇಕು. ಸುತ್ತಲೂ ದಪ್ಪಗೆ ಮೆತ್ತಿದರೆ ಒಳಕ್ಕೆ ಹಿಂಡಿದ ಪೇಸ್ಟಿನ ಎಳೆ ಕಿತ್ತುಬಂದು ಆಯಿಲ್ ಪಂಪಿನ ಜಾಲರಿಗೆ ಕೂರುತ್ತದೆ. ಸೋರಿಕೆ ನಿಂತಿತು, ಬೇರಿಂಗ್ ಹೋಯಿತು.

ಪೈಪುಗಳ ಬ್ಯಾಂಜೊ ಬೋಲ್ಟಿನ (ದ್ರವ ಹಾಯಲು ಒಳಗೆ ತೂತಿರುವ ಬೋಲ್ಟು) ತಾಮ್ರದ ವಾಷರ್ ಒಮ್ಮೆ ಅದುಮಿಸಿಕೊಂಡ ಮೇಲೆ ಗಡುಸಾಗುತ್ತದೆ. ಹೊಸದು ಸಿಗದಿದ್ದರೆ ಹಳೆಯದನ್ನು ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿ. ಉಕ್ಕಿಗೆ ತದ್ವಿರುದ್ಧವಾಗಿ ತಾಮ್ರ ಹಾಗೆ ಮಾಡಿದರೂ ಮೆತ್ತಗೇ ಇರುತ್ತದೆ. ಮೇಲಿನ ಕಪ್ಪು ಒರೆಸಿ ಹಾಕಿದರೆ ಮತ್ತೆ ಒಂದು ಸಲಕ್ಕೆ ಬಂತು.

ಕೆಲಸ ಮುಗಿದ ಮೇಲೆ ಎಂಜಿನ್ ಬಿಸಿ ಮಾಡಿ, ಆರಿದ ಬಳಿಕ ಚೇಂಬರ್ ಬೋಲ್ಟುಗಳನ್ನು ಒಮ್ಮೆ ಮಾತ್ರ ಮುಟ್ಟಿ ನೋಡಿ. ಕ್ಲಚ್ ಹೌಸಿಂಗಿನ ತಳದ ತೂತನ್ನು ಕೆಸರು ಮುಚ್ಚದಂತೆ ಅದರಲ್ಲಿ ಒಂದು ಸಡಿಲ ಕಾಟರ್ ಪಿನ್ (ಎರಡು ಕಾಲಿನ ತಂತಿ ಪಿನ್) ನೇತಾಡಬೇಕು, ಅದಿಲ್ಲದಿದ್ದರೆ ಹಾಕಿ. ಆ ತೂತು ಕಟ್ಟಿಕೊಂಡರೆ ಸೋರಿದ್ದೆಲ್ಲ ಹೊರಗೆ ಕಾಣದೆ ಒಳಗೇ ನಿಂತು ಕ್ಲಚ್ ಪ್ಲೇಟಿಗೆ ಎರಚುತ್ತದೆ. ರಾತ್ರಿ ಆ ತೂತಿನ ನೇರಕ್ಕೆ ನೆಲದ ಮೇಲೆ ಒಂದು ರಟ್ಟು ಹಾಸಿ, ಬೆಳಿಗ್ಗೆ ಹನಿ ಎಣಿಸಿ, ತಾರೀಖಿನ ಜತೆ ಅದರ ಮೇಲೇ ಬರೆದಿಡಿ.