ಎರಡು ತಿಂಗಳಾದರೂ ಮನೆ ಹೋಗಿಲ್ಲ, ಏಜೆಂಟ್ ‘ಬೆಲೆ ಇಳಿಸಿ’ ಎನ್ನುತ್ತಾರೆ: ಏನು ಮಾಡಲಿ?

ಪ್ರಶ್ನೆ: ಮನೆ ಮಾರಲು ಮೂವರು ಏಜೆಂಟರನ್ನು ಕರೆಸಿದ್ದೆವು. ಎಲ್ಲರಿಗಿಂತ ಹೆಚ್ಚು ಬೆಲೆ ಬರುತ್ತದೆ ಎಂದವರಿಗೇ ಒಪ್ಪಿಸಿದೆವು. ಮೊದಲ ವಾರ ನಾಲ್ಕೈದು ಜನ ಬಂದು ನೋಡಿಹೋದರು, ಆಮೇಲೆ ಯಾರೂ ಇಲ್ಲ. ಈಗ ಎರಡು ತಿಂಗಳಾಯಿತು. ಏಜೆಂಟ್ ತಾವಾಗಿ ಫೋನ್ ಮಾಡುವುದಿಲ್ಲ, ನಾವೇ ಮಾಡಿದರೆ ‘ಮಾರ್ಕೆಟ್ ಡಲ್ ಇದೆ, ಸ್ವಲ್ಪ ಇಳಿಸಿ’ ಎನ್ನುತ್ತಾರೆ. ಬೆಲೆ ಇಳಿಸಬೇಕೇ, ಏಜೆಂಟರನ್ನೇ ಬದಲಿಸಬೇಕೇ?

ಉತ್ತರ: ಈ ವಾರ ಎರಡನ್ನೂ ಮಾಡಬೇಡಿ. ವ್ಯವಹಾರ ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ಮೊದಲು ಅಂಕಿಗಳಲ್ಲಿ ತಿಳಿದುಕೊಳ್ಳಿ. ನೀವು ಸಹಿ ಹಾಕಿದ ಕರಾರನ್ನೂ ತೆಗೆದು ಓದಿ. ಬೆಲೆ ನಿಜಕ್ಕೂ ಹೆಚ್ಚಾಗಿದ್ದರೆ ಹೊಸ ಏಜೆಂಟರ ಕೈಯಲ್ಲೂ ಮನೆ ಹೋಗುವುದಿಲ್ಲ. ಏಜೆಂಟರೇ ಕೆಲಸ ಮಾಡದಿದ್ದರೆ ಇಳಿಸಿದ ಬೆಲೆ ನಿಮಗೆ ಬರೀ ನಷ್ಟ.

ಹೆಚ್ಚು ಬೆಲೆ ಹೇಳಿದವರಿಗೆ ಮನೆ ಒಪ್ಪಿಸುವುದು ಸಹಜ, ಆದರೆ ತೊಂದರೆಯ ಬೀಜ ಬೀಳುವುದೂ ಅಲ್ಲೇ. ಬೆಲೆ ಹೇಳುವ ಹೊತ್ತಿನಲ್ಲಿ ಏಜೆಂಟರು ನಿಮ್ಮ ಸಹಿಗಾಗಿ ಇನ್ನಿಬ್ಬರ ಜೊತೆ ಪೈಪೋಟಿಯಲ್ಲಿರುತ್ತಾರೆ. ಹೇಳಿದ ಬೆಲೆಗೆ ಮಾರಿಕೊಡುತ್ತೇನೆಂಬ ಹೊಣೆ ಸಾಮಾನ್ಯವಾಗಿ ಕರಾರಿನಲ್ಲಿ ಇರುವುದಿಲ್ಲ. ಹಾಗಾಗಿ ಕೆಲವರು ಬೆಲೆ ಉಬ್ಬಿಸಿ ಹೇಳಿ ಮನೆ ಹಿಡಿಯುತ್ತಾರೆ, ಕೆಲವು ತಿಂಗಳ ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತಾರೆ, ಐದಾರು ವಾರ ಕಳೆದ ಮೇಲೆ ‘ಇಳಿಸಿ’ ಎನ್ನಲು ಶುರುಮಾಡುತ್ತಾರೆ. ಮೊದಲ ವಾರ ಬಂದ ಜನ ಆಮೇಲೆ ಬರದಿರುವುದಕ್ಕೂ ಇಲ್ಲೇ ವಿವರಣೆ ಇದೆ. ಜಾಹೀರಾತು ಪೋರ್ಟಲ್‌ಗೆ ಏರಿದಾಗ, ತಿಂಗಳುಗಳಿಂದ ಹುಡುಕುತ್ತಿರುವ ಎಲ್ಲರಿಗೂ ಒಮ್ಮೆಗೇ ಸೂಚನೆ ಹೋಗುತ್ತದೆ. ಎರಡು ಮೂರು ವಾರದೊಳಗೆ ಆ ಗುಂಪು ನೋಡಿ ಮುಗಿಸುತ್ತದೆ. ನಂತರ ಕಣ್ಣು ಹಾಯಿಸುವವರು ಹೊಸದಾಗಿ ಹುಡುಕಾಟ ಶುರುಮಾಡಿದ ಕೆಲವರು ಮಾತ್ರ. ಆ ಮೊದಲ ವಾರಗಳು ಉಬ್ಬಿದ ಬೆಲೆಯಲ್ಲಿ ಕಳೆದುಹೋದರೆ, ನಿಮ್ಮ ಮನೆಯನ್ನು ಕೊಳ್ಳಬಹುದಾಗಿದ್ದವರು ಅದೇ ಬೆಲೆಯ ಇನ್ನೂ ದೊಡ್ಡ ಮನೆಗಳ ಜೊತೆ ಹೋಲಿಸಿ ಬಿಟ್ಟುಹೋಗಿರುತ್ತಾರೆ.

ಇನ್ನು ಕಮಿಷನ್ ಲೆಕ್ಕ. ಇದನ್ನು ಅರ್ಥಮಾಡಿಕೊಂಡರೆ ಏಜೆಂಟರ ಮೇಲಿನ ಅರ್ಧ ಸಿಟ್ಟು ಕಡಿಮೆಯಾಗುತ್ತದೆ, ಎಚ್ಚರ ಮಾತ್ರ ಹೆಚ್ಚುತ್ತದೆ. ಕಮಿಷನ್ ಶೇ 2 ಎಂದಿಟ್ಟುಕೊಳ್ಳಿ. ಇನ್ನೊಂದು ತಿಂಗಳು ಕಾದರೆ ಶೇ 3ರಷ್ಟು ಹೆಚ್ಚು ಬೆಲೆ ಸಿಗುತ್ತದೆ ಎಂದೂ ಇಟ್ಟುಕೊಳ್ಳಿ. ಅದರಲ್ಲಿ ನಿಮ್ಮ ಕೈಗೆ ಬರುವುದು ಮನೆ ಬೆಲೆಯ ಶೇ 2.94, ಏಜೆಂಟರಿಗೆ ಸಿಗುವುದು ಶೇ 0.06. ಅದರಲ್ಲೂ ಕಚೇರಿಯ ಪಾಲು ಕಳೆಯಬೇಕು. ಆ ಚೂರಿಗಾಗಿ ಇನ್ನೊಂದು ತಿಂಗಳು ಓಡಾಡುವುದಕ್ಕಿಂತ ಈಗಲೇ ಕಡಿಮೆಗೆ ಮುಗಿಸಿ ಮುಂದಿನ ಮನೆಗೆ ಹೋಗುವುದು ಅವರಿಗೆ ಲಾಭ. ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಅಮೆರಿಕದ ಷಿಕಾಗೊ ಸುತ್ತಲಿನ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಅಂಕಿಗಳಲ್ಲೇ ಕಾಣುತ್ತದೆ: ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾದಿದ್ದರು, ಬೆಲೆಯೂ ಸುಮಾರು ಶೇ 3.7ರಷ್ಟು ಹೆಚ್ಚು ಪಡೆದಿದ್ದರು. ಆದ್ದರಿಂದ ‘ಇಳಿಸಿ’ ಎಂಬ ಸಲಹೆ ಸರಿಯಿರಬಹುದು, ಆದರೆ ಅದನ್ನು ಪುರಾವೆಯಿಲ್ಲದೆ ಒಪ್ಪಿಕೊಳ್ಳಬೇಡಿ.

ಪುರಾವೆ ಕೇಳುವುದು ಹೇಗೆ? ಫೋನಿನಲ್ಲಿ ಕೇಳಿದರೆ ಮಾತಿಗೆ ಮಾತು ಬೆಳೆಯುತ್ತದೆಯಷ್ಟೆ. ಇಮೇಲ್‌ನಲ್ಲಿ ಐದು ಅಂಕಿಗಳನ್ನು ಕೇಳಿ: ಜಾಹೀರಾತನ್ನು ಎಷ್ಟು ಜನ ತೆರೆದು ನೋಡಿದ್ದಾರೆ, ಎಷ್ಟು ವಿಚಾರಣೆ ಬಂದಿವೆ, ಎಷ್ಟು ಜನ ಮನೆಗೆ ಬಂದರು, ಎರಡನೇ ಸಲ ಬಂದವರೆಷ್ಟು, ಬೆಲೆ ಕೇಳಿದವರೆಷ್ಟು (ಅಂದರೆ ‘ಇಷ್ಟಕ್ಕೆ ಕೊಳ್ಳುತ್ತೇವೆ’ ಎಂದು ಮೊತ್ತ ಹೇಳಿದವರು). ವಾರವಾರದ ಲೆಕ್ಕ ಬೇಕು. ಪೋರ್ಟಲ್‌ಗಳು ಮೊದಲ ಎರಡನ್ನು ಸಾಮಾನ್ಯವಾಗಿ ಏಜೆಂಟರ ಖಾತೆಯಲ್ಲೇ ತೋರಿಸುತ್ತವೆ, ‘ಸಿಗುವುದಿಲ್ಲ’ ಎಂದರೆ ಸ್ಕ್ರೀನ್‌ಶಾಟ್ ಕೇಳಿ.

ಅಂಕಿಗಳು ಕೈಗೆ ಬಂದ ಮೇಲೆ ರೋಗ ಎಲ್ಲಿದೆ ಎಂದು ಗೊತ್ತಾಗುತ್ತದೆ. ಜಾಹೀರಾತನ್ನು ತೆರೆದವರೇ ಕಡಿಮೆ ಎಂದರೆ ಮನೆ ಹುಡುಕಾಟದಲ್ಲಿ ಕಾಣುತ್ತಲೇ ಇಲ್ಲ, ಇಲ್ಲವೇ ಮೊದಲ ಫೋಟೊ ಯಾರನ್ನೂ ಸೆಳೆಯುತ್ತಿಲ್ಲ. ತೆರೆದವರು ಬಹಳ, ವಿಚಾರಿಸಿದವರು ಇಲ್ಲ ಎಂದರೆ ಫೋಟೊ, ವಿವರ, ಬೆಲೆ ಈ ಮೂರರಲ್ಲೊಂದು ಅವರನ್ನು ಹಿಂದಕ್ಕೆ ಕಳಿಸುತ್ತಿದೆ. ವಿಚಾರಣೆ ಬಂದಿದೆ, ನೋಡಲು ಮಾತ್ರ ಯಾರೂ ಬಂದಿಲ್ಲ ಎಂದಾದರೆ ಅನುಮಾನ ನೇರವಾಗಿ ಏಜೆಂಟರ ಕಚೇರಿಯ ಮೇಲೆ: ಅಲ್ಲಿ ಫೋನ್ ಎತ್ತುತ್ತಿಲ್ಲ, ತಿರುಗಿ ಕರೆ ಮಾಡುತ್ತಿಲ್ಲ, ಇಲ್ಲವೇ ಬಂದ ಗಿರಾಕಿಯನ್ನು ಬೇರೆ ಮನೆಗೆ ಕರೆದೊಯ್ಯುತ್ತಿದ್ದಾರೆ. ಹತ್ತು ಹನ್ನೆರಡು ಜನ ಬಂದು ನೋಡಿಯೂ ಒಬ್ಬರೂ ಬೆಲೆ ಕೇಳದಿದ್ದರೆ ಏಜೆಂಟರನ್ನು ದೂರಬೇಡಿ, ಅವರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ತೊಡಕು ಬೆಲೆಯಲ್ಲಿದೆ ಅಥವಾ ಮನೆಯೊಳಗೆ ಕಾಲಿಟ್ಟಾಗ ಕಾಣುವ ಯಾವುದರಲ್ಲೋ ಇದೆ. ಬೆಲೆ ಕೇಳಿದವರೆಲ್ಲ ಹೆಚ್ಚುಕಡಿಮೆ ಒಂದೇ ಮೊತ್ತದ ಹತ್ತಿರ ನಿಂತಿದ್ದರೆ, ಸದ್ಯ ನಿಮ್ಮ ಮನೆಯ ಬೆಲೆ ಅದೇ.

ಏಜೆಂಟರ ಕಚೇರಿಯನ್ನು ಪರೀಕ್ಷಿಸುವುದು ಸುಲಭ. ಸ್ನೇಹಿತರೊಬ್ಬರಿಂದ ನಿಮ್ಮದೇ ಮನೆಗೆ ಎರಡು ವಿಚಾರಣೆ ಮಾಡಿಸಿ: ಒಂದು ಪೋರ್ಟಲ್ ಮೂಲಕ ರಜೆಯ ದಿನ, ಇನ್ನೊಂದು ಫೋನಿನಲ್ಲಿ ಕೆಲಸದ ದಿನ. ಎಷ್ಟು ಗಂಟೆಯಲ್ಲಿ ಉತ್ತರ ಬಂತು, ಮನೆಯ ಬಗ್ಗೆ ಏನು ಹೇಳಿದರು, ನೋಡಲು ದಿನ ನಿಗದಿ ಮಾಡಿದರೇ, ಕೇಳುವ ಮೊದಲೇ ‘ಓನರ್ ಇನ್ನೂ ಇಳಿಸುತ್ತಾರೆ’ ಎಂದರೇ? ಈ ಕೊನೆಯದು ನಡೆಯುತ್ತಿದ್ದರೆ ಬೇರೆ ಯಾವ ಪರೀಕ್ಷೆಯೂ ಬೇಕಿಲ್ಲ, ಆ ಏಜೆಂಟರನ್ನು ಬಿಡಿ. ಎರಡು ದಿನವಾದರೂ ಉತ್ತರವೇ ಬರಲಿಲ್ಲವೆಂದರೆ ನಿಮ್ಮ ಎರಡು ತಿಂಗಳು ಎಲ್ಲಿ ಹೋಯಿತೆಂದು ತಿಳಿಯಿತು.

ಜಾಹೀರಾತನ್ನು ನೀವೇ ಒಮ್ಮೆ ಕೊಳ್ಳುವವರ ಹಾಗೆ ಹುಡುಕಿ. ನೇರ ಕೊಂಡಿ ಒತ್ತಬೇಡಿ. ಪ್ರದೇಶ, ಬೆಲೆ, ಕೋಣೆಗಳ ಸಂಖ್ಯೆ ಆರಿಸಿ ಫಲಿತಾಂಶದಲ್ಲಿ ನಿಮ್ಮ ಮನೆ ಬರುತ್ತದೆಯೇ ನೋಡಿ. ಮಲಗುವ ಕೋಣೆ ಮೂರಿದ್ದು ಎರಡು ಎಂದು ನಮೂದಾಗಿದ್ದರೆ, ಸ್ವತಂತ್ರ ಮನೆ ಫ್ಲ್ಯಾಟ್ ಪಟ್ಟಿಗೆ ಸೇರಿದ್ದರೆ, ನಕ್ಷೆಯಲ್ಲಿ ಗುರುತು ಎರಡು ಬೀದಿ ಆಚೆ ಬಿದ್ದಿದ್ದರೆ, ನಿಮಗೆ ತಕ್ಕ ಗಿರಾಕಿಗೆ ಆ ಮನೆ ಕಾಣುವುದೇ ಇಲ್ಲ. ಇಂಥ ತಪ್ಪುಗಳು ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚು. ವಿಸ್ತೀರ್ಣವನ್ನೂ ನೋಡಿ: ಗೋಡೆಯೊಳಗಿನ ಅಳತೆಯೋ, ಗೋಡೆ ಸೇರಿದ್ದೋ ಎಂದು ಹೇಳದಿದ್ದರೆ ನೋಡಲು ಬಂದವರಿಗೆ ಮನೆ ಚಿಕ್ಕದೆನಿಸಿ ಮೋಸವಾದಂತೆ ಅನ್ನಿಸುತ್ತದೆ. ಫೋಟೊ ಹಗಲ ಬೆಳಕಿನಲ್ಲಿ, ಕ್ಯಾಮೆರಾವನ್ನು ಎದೆಮಟ್ಟದಲ್ಲಿ ನೆಟ್ಟಗೆ ಹಿಡಿದು, ಕೋಣೆಯ ಮೂಲೆಯಿಂದ ಅಡ್ಡಲಾಗಿ ತೆಗೆದಿರಬೇಕು. ಹದಿನೈದು ಇಪ್ಪತ್ತು ಸಾಕು. ಅತ್ಯುತ್ತಮವಾದದ್ದು ಮೊದಲು ಬರಲಿ, ಮನೆಯ ನಕ್ಷೆ ಒಂದಾದರೂ ಇರಲಿ. ನಕ್ಷೆಯಿದ್ದರೆ ಜನ ಮನೆಗೆ ಬರುವ ಮೊದಲೇ ಮಂಚ, ಬೀರು ಎಲ್ಲಿ ಹಿಡಿಸುತ್ತದೆ ಎಂದು ಲೆಕ್ಕ ಹಾಕಿಕೊಂಡಿರುತ್ತಾರೆ. ಹಾಗೆ ಬಂದವರು ಗಂಭೀರ ಗಿರಾಕಿಗಳು.

ಇಷ್ಟೆಲ್ಲ ನೋಡಿದ ಮೇಲೂ ಬೆರಳು ಬೆಲೆಯ ಕಡೆಗೇ ತೋರಿದರೆ, ಏಜೆಂಟರಿಂದ ಹೋಲಿಕೆಗಳನ್ನು ಬರೆಸಿಕೊಳ್ಳಿ. ಪಕ್ಕದವರು ಎಷ್ಟು ಕೇಳುತ್ತಿದ್ದಾರೆ ಎಂಬುದು ಹೋಲಿಕೆಯಾಗುವುದಿಲ್ಲ, ಅವರ ಮನೆಯೂ ಮಾರಾಟವಾಗದೆ ಕೂತಿರಬಹುದು. ನಿಜವಾಗಿ ಮಾರಾಟವಾಗಿರುವ ಮನೆಗಳು ಬೇಕು: ಕನಿಷ್ಠ ಮೂರು, ಕಳೆದ ಆರು ತಿಂಗಳ ಒಳಗಿನವು, ಅದೇ ಪ್ರದೇಶ, ಅದೇ ಬಗೆಯವು, ವಿಸ್ತೀರ್ಣದಲ್ಲಿ ಶೇ 15ಕ್ಕಿಂತ ಹೆಚ್ಚು ವ್ಯತ್ಯಾಸವಿಲ್ಲದವು. ಒಂದೊಂದರ ಬೆಲೆಯನ್ನು ವಿಸ್ತೀರ್ಣದಿಂದ ಭಾಗಿಸಿ, ನಿಮ್ಮ ಮನೆಯ ವಿಸ್ತೀರ್ಣಕ್ಕೆ ಗುಣಿಸಿ. ಮೂರೂ ಉತ್ತರಗಳು ನೀವು ಕೇಳುತ್ತಿರುವ ಬೆಲೆಗಿಂತ ಕೆಳಗಿದ್ದರೆ ಇಳಿಸುವುದೇ ಸರಿ.

ಆದರೆ ಇಳಿಸುವುದಕ್ಕೂ ಒಂದು ಕ್ರಮವಿದೆ. ಎರಡು ವಾರಕ್ಕೊಮ್ಮೆ ಶೇ 1ರಂತೆ ಕೊರೆಯುತ್ತ ಹೋದರೆ ನೋಡುತ್ತಿರುವವರು ‘ಇನ್ನೂ ಇಳಿಯುತ್ತದೆ’ ಎಂದು ಕಾಯುತ್ತಾರೆ. ಒಮ್ಮೆ ಮಾತ್ರ, ಹುಡುಕಾಟದ ಒಂದು ಮಿತಿಯನ್ನು ದಾಟುವಂತೆ ಇಳಿಸಿ. ಪೋರ್ಟಲ್‌ನಲ್ಲಿ 50, 55, 60 ಎಂದು ಮಿತಿಗಳಿವೆ, ನಿಮ್ಮ ಬೆಲೆ 62 ಎಂದುಕೊಳ್ಳಿ. ಅದನ್ನು 61 ಮಾಡಿದರೆ ಹೊಸಬರು ಒಬ್ಬರೂ ಸೇರುವುದಿಲ್ಲ. ಸರಿಯಾಗಿ 60 ಮಾಡಿದರೆ ‘60ರವರೆಗೆ’ ಎಂದು ಹುಡುಕುವವರಿಗೂ ‘60ರಿಂದ ಮೇಲೆ’ ಎಂದು ಹುಡುಕುವವರಿಗೂ ಕಾಣುತ್ತದೆ. 59.9 ಎಂದು ಹಾಕಿದರೆ ಎರಡನೆಯ ಗುಂಪು ತಪ್ಪಿಹೋಗುತ್ತದೆ. ಬೆಲೆ ಇಳಿಸುವ ದಿನವೇ ಹೊಸ ಫೋಟೊ ಹಾಕಿಸಿ. ಈಗಾಗಲೇ ಬಂದು ನೋಡಿದವರಿಗೆಲ್ಲ ಏಜೆಂಟರು ಫೋನ್ ಮಾಡಿ ಹೇಳಲಿ. ಈ ಕೆಲಸ ಬಹಳ ಸಲ ಮರೆತೇಹೋಗುತ್ತದೆ.

ಏಜೆಂಟರನ್ನು ಬಿಡುವ ತೀರ್ಮಾನಕ್ಕೆ ಬಂದಿದ್ದರೆ ಈಗ ಕರಾರಿನ ಸರದಿ. ಇಲ್ಲಿ ಅವಸರ ಮಾಡಿದವರೇ ಎರಡು ಕಮಿಷನ್ ಕೊಡಬೇಕಾಗಿ ಬರುವುದು. ಮೊದಲು ಕರಾರಿನ ಬಗೆ ನೋಡಿ. ಹಲವು ಏಜೆಂಟರಿಗೆ ಅವಕಾಶವಿರುವ ಕರಾರಿನಲ್ಲಿ ಮಾರಿಕೊಟ್ಟವರಿಗೆ ಮಾತ್ರ ಹಣ. ‘ಸೋಲ್ ಏಜೆನ್ಸಿ’ಯಲ್ಲಿ ಅವಧಿಯೊಳಗೆ ಬೇರೆ ಏಜೆಂಟರ ಮೂಲಕ ಮಾರಿದರೆ ಇವರಿಗೂ ಕೊಡಬೇಕು, ಆದರೆ ನೀವೇ ಹುಡುಕಿಕೊಂಡ ಗಿರಾಕಿಗೆ ಮಾರಿದರೆ ಸಾಮಾನ್ಯವಾಗಿ ಕೊಡಬೇಕಿಲ್ಲ. ‘ಸೋಲ್ ಸೆಲ್ಲಿಂಗ್ ರೈಟ್ಸ್’ ಎಂದಿದ್ದರೆ ನಿಮ್ಮ ನೆಂಟರಿಗೇ ಮಾರಿದರೂ ಕಮಿಷನ್ ತಪ್ಪದು. ಎರಡು ಹೆಸರೂ ಕೇಳಲು ಒಂದೇ ತರಹ, ಪರಿಣಾಮ ಬೇರೆ ಬೇರೆ. ಬ್ರಿಟನ್ನಿನಲ್ಲಿ 1991ರ ನಿಯಮಗಳು ಏಜೆಂಟರು ಇಂಥ ಪದಗಳನ್ನು ಬಳಸಿದರೆ ಅವುಗಳ ಅರ್ಥವನ್ನು ಬರೆದೇ ಕೊಡಬೇಕೆಂದು ಹೇಳುತ್ತವೆ. ನೀವಿರುವಲ್ಲಿ ಅಂಥ ನಿಯಮ ಇರಲಿ ಬಿಡಲಿ, ಬರೆದು ಕೊಡಿ ಎಂದು ಕೇಳಿ.

ಮುಂದಿನದು ಅವಧಿ. ಮೂರು ತಿಂಗಳೆಂದು ಇದ್ದರೂ, ನೋಟಿಸ್ ಕೊಡದಿದ್ದರೆ ಕರಾರು ತಾನಾಗಿ ಮುಂದುವರಿಯುವ ಸಾಲು ಒಳಗೆಲ್ಲೋ ಇರಬಹುದು. ನೋಟಿಸ್ ಎಷ್ಟು ದಿನದ್ದು, ಅವಧಿ ಮುಗಿಯುವ ಮೊದಲೇ ಕೊಡಬಹುದೇ, ಇಮೇಲ್ ಸಾಕೇ ಎಂದು ನೋಡಿ. ಕಮಿಷನ್ ಯಾವಾಗ ಸಲ್ಲುತ್ತದೆ ಎಂಬುದೂ ಮುಖ್ಯ. ಮಾರಾಟ ಪೂರ್ತಿಯಾದಾಗ ಎಂದಿದ್ದರೆ ಒಳ್ಳೆಯದು. ‘ಕೊಳ್ಳಲು ಸಿದ್ಧರಿರುವ, ಶಕ್ತರಾದ ಗಿರಾಕಿಯನ್ನು ತೋರಿಸಿದಾಗ’ ಎಂದಿದ್ದರೆ, ನೀವು ಮನಸ್ಸು ಬದಲಿಸಿ ಮಾರದಿದ್ದರೂ ಹಣ ಕೇಳಬಹುದು.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಬಾಲದ ಷರತ್ತು: ಕರಾರು ಮುಗಿದ ಮೇಲೂ ಇಂತಿಷ್ಟು ತಿಂಗಳವರೆಗೆ, ಹಳೆಯ ಏಜೆಂಟರು ಪರಿಚಯಿಸಿದ ಗಿರಾಕಿ ಮನೆ ಕೊಂಡರೆ ಅವರಿಗೇ ಕಮಿಷನ್. ಹೊಸ ಏಜೆಂಟರೂ ಅದೇ ಗಿರಾಕಿಯನ್ನು ಕರೆತಂದರೆ ಇಬ್ಬರೂ ಬಿಲ್ ಕಳಿಸುತ್ತಾರೆ. ಇದಕ್ಕೆ ಮದ್ದು ಒಂದೇ. ನೋಟಿಸ್ ಕೊಡುವಾಗಲೇ ‘ನೀವು ಪರಿಚಯಿಸಿದವರ ಹೆಸರು, ನೋಡಿದ ದಿನಾಂಕ ಸಹಿತ ಪಟ್ಟಿಯನ್ನು 7 ದಿನದೊಳಗೆ ಕಳಿಸಿ’ ಎಂದು ಬರೆಯಿರಿ. ಪಟ್ಟಿ ಬಂದ ಮೇಲೆ ಅದನ್ನು ಹೊಸ ಕರಾರಿಗೆ ಲಗತ್ತಿಸಿ, ‘ಈ ಹೆಸರುಗಳಿಗೆ ಮಾರಿದರೆ ಹೊಸ ಏಜೆಂಟರಿಗೆ ಕಮಿಷನ್ ಇಲ್ಲ’ ಎಂಬ ಸಾಲು ಸೇರಿಸಿ. ಪಟ್ಟಿ ಕೊಡದಿದ್ದರೆ ನೀವು ಕೇಳಿದ ಇಮೇಲನ್ನು ಜೋಪಾನವಾಗಿಡಿ, ಮುಂದೆ ತಕರಾರು ಬಂದಾಗ ನಿಮ್ಮ ಕೈಯಲ್ಲಿರುವ ದಾಖಲೆ ಅದೇ.

ನೋಟಿಸ್‌ಗೆ ಮೊದಲು ಒಂದು ಅವಕಾಶ ಕೊಡುವುದು ನ್ಯಾಯ, ಬಹಳ ಸಲ ಫಲವೂ ಕೊಡುತ್ತದೆ. ಸಿಟ್ಟಿನ ಮಾತಿಲ್ಲದೆ, 14 ದಿನದ ಗಡುವಿಟ್ಟು ಬರೆಯಿರಿ: ಜಾಹೀರಾತಿನ ಈ ಈ ತಪ್ಪು ತಿದ್ದಬೇಕು, ಫೋಟೊ ಬದಲಿಸಬೇಕು, ವಿಚಾರಣೆಗೆ ಒಂದು ದಿನದೊಳಗೆ ಉತ್ತರ ಹೋಗಬೇಕು, ವಾರಕ್ಕೊಮ್ಮೆ ನಿಗದಿತ ದಿನ ವರದಿ ಬರಬೇಕು. ಯಾರೇ ಯಾವುದೇ ಬೆಲೆ ಕೇಳಿದರೂ ಅದೇ ದಿನ ಬರಹದಲ್ಲಿ ತಿಳಿಸಬೇಕು, ಜೊತೆಗೆ ಕೊಳ್ಳುವವರ ಹಣ ಎಲ್ಲಿಂದ ಬರುತ್ತದೆ (ಕೈಯಲ್ಲಿದೆಯೋ, ಸಾಲ ಮಂಜೂರಾಗಿದೆಯೋ, ತಮ್ಮ ಮನೆ ಮಾರಬೇಕೋ) ಎಂಬುದೂ ಇರಬೇಕು. ಈ ಕೊನೆಯ ಬೇಡಿಕೆಯನ್ನು ಬಿಡಬೇಡಿ. ಕೆಲವರು ಎರಡೂ ಕಡೆಯಿಂದ ಕಮಿಷನ್ ಸಿಗುವ ಗಿರಾಕಿಯನ್ನೇ ಮುಂದೆ ತಂದು ಉಳಿದವರ ಬೆಲೆಯನ್ನು ನಿಮ್ಮವರೆಗೆ ತಲುಪಿಸುವುದೇ ಇಲ್ಲ.

ಅದೇ ಪತ್ರದಲ್ಲಿ ನಿಮ್ಮ ಪಾಲನ್ನೂ ಒಪ್ಪಿಕೊಳ್ಳಿ. ‘ಶನಿವಾರ, ಭಾನುವಾರ ಬೇಡ, ಒಂದು ದಿನ ಮೊದಲೇ ಹೇಳಬೇಕು’ ಎಂಬ ಮನೆಗೆ ಯಾವ ಏಜೆಂಟರೂ ಜನರನ್ನು ತರಲಾರರು. ಮನೆ ನೋಡುವಾಗ ನೀವು ಹಿಂದೆಹಿಂದೆ ನಡೆದರೆ ಬಂದವರು ಬೀರು ತೆಗೆದು ನೋಡಲು, ತಮ್ಮೊಳಗೆ ಮಾತಾಡಿಕೊಳ್ಳಲು ಹಿಂಜರಿಯುತ್ತಾರೆ. ಹೊರಗೆ ಹೋಗಿಬನ್ನಿ.

ಹೊಸ ಏಜೆಂಟರನ್ನು ಆರಿಸುವಾಗ ಯಾರು ಹೆಚ್ಚು ಬೆಲೆ ಹೇಳಿದರು ಎಂಬುದನ್ನು ಬದಿಗಿಡಿ. ಕಳೆದ ಆರು ತಿಂಗಳಲ್ಲಿ ಒಪ್ಪಿಸಿಕೊಂಡ ಮನೆಗಳೆಷ್ಟು, ಮಾರಾಟವಾದವೆಷ್ಟು, ಮೊದಲು ಕೇಳಿದ ಬೆಲೆಗೂ ಕೊನೆಯ ಬೆಲೆಗೂ ಎಷ್ಟು ಅಂತರ, ಮನೆ ತೋರಿಸಲು ಖುದ್ದು ಯಾರು ಬರುತ್ತಾರೆ ಎಂದು ಕೇಳಿ. ಕಮಿಷನ್ ಅನ್ನು ಎರಡು ಹಂತ ಮಾಡುವ ಬಗ್ಗೆಯೂ ಮಾತಾಡಿ: ನಿಮ್ಮಿಬ್ಬರಿಗೂ ಒಪ್ಪಿಗೆಯಾದ ಒಂದು ಬೆಲೆಯವರೆಗೆ ಸ್ವಲ್ಪ ಕಡಿಮೆ, ಅದರ ಮೇಲೆ ಬಂದ ಮೊತ್ತದಲ್ಲಿ ಶೇ 10ರಷ್ಟು. ಆಗ ಮೇಲಿನ ಲೆಕ್ಕದ ಶೇ 0.06 ಬದಲು ಅವರಿಗೆ ಶೇ 0.3 ಸಿಗುತ್ತದೆ, ಕಾಯಲು ಒಂದು ಕಾರಣವಾಗುತ್ತದೆ. ಕರಾರಿನ ಅವಧಿ ಎಂಟರಿಂದ ಹನ್ನೆರಡು ವಾರ ಸಾಕು.

ಹೊಸ ಜಾಹೀರಾತು ಏರುವ ಮೊದಲು ಹಳೆಯದನ್ನು ಎಲ್ಲ ಪೋರ್ಟಲ್‌ಗಳಿಂದ ತೆಗೆಸಿ. ಒಂದೇ ಮನೆ ಎರಡು ಬೆಲೆಯಲ್ಲಿ ಕಂಡರೆ ಗಿರಾಕಿ ಕಡಿಮೆ ಬೆಲೆಯಿಂದಲೇ ಚೌಕಾಸಿ ಶುರುಮಾಡುತ್ತಾರೆ. ಗೇಟಿನ ಫಲಕ ಇಳಿಸಿ, ಹಳೆಯ ಕಚೇರಿಯಲ್ಲಿರುವ ಎಲ್ಲ ಕೀಲಿಗಳನ್ನು ಎಣಿಸಿ ವಾಪಸ್ ಪಡೆಯಿರಿ, ಮೂಲ ಕಾಗದಪತ್ರ ಏನಾದರೂ ಅಲ್ಲಿ ಉಳಿದಿದ್ದರೆ ಅದನ್ನೂ.