ಶಟರ್ ಬೇಗ ಮುಚ್ಚಿದರೆ ಏನೂ ಆಗುವುದಿಲ್ಲ

"ಮೇಡಂ, ತಾಮ್ರದ ಟಾರ್ಗೆಟ್‌ನಲ್ಲಿ 16 ಕೆಇವಿ ಹತ್ತಿರ ಹೊಸ ಗೆರೆ ಬಂದಿದೆ!" ಇಂಥ ಫೋನ್ ನನಗೆ ಆಗಾಗ ಬರುತ್ತದೆ. ತಾಮ್ರದ ಹಾಳೆಗೆ ಲೇಸರ್ ಬಡಿದು, ಹೊರಡುವ ಎಕ್ಸ್-ರೇಗಳ ಶಕ್ತಿಯನ್ನು ಕ್ಯಾಮೆರಾದಲ್ಲಿ ಅಳೆಯುವವರು ಇವರು. ಆ ಶಕ್ತಿಯ ಅಳತೆ ಕೆಇವಿ, ಅಂದರೆ ಸಾವಿರ ಇವಿ; ಒಂದೇ ಶಕ್ತಿಯ ಎಕ್ಸ್-ರೇಗಳು ಗುಂಪಾಗಿ ಬಂದರೆ ಗ್ರಾಫಿನಲ್ಲಿ ಅಲ್ಲೊಂದು ಗೆರೆ ಏಳುತ್ತದೆ. ಗ್ರಾಫ್ ಕಳಿಸಿ ಅನ್ನುತ್ತೇನೆ. 8.05ರಲ್ಲಿ ತಾಮ್ರದ ಕೆ-ಆಲ್ಫಾ, ಅಂದರೆ ತಾಮ್ರದ್ದೇ ಗುರುತಿನ ಗೆರೆ, ಎತ್ತರಕ್ಕೆ ನಿಂತಿರುತ್ತದೆ. 16.1ರಲ್ಲಿ ಒಂದು ಗಿಡ್ಡ ಗೆರೆ. 8.05ನ್ನು ಎರಡರಿಂದ ಗುಣಿಸಿ ಅಂದರೆ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರುವುದಿಲ್ಲ.

ಒಬ್ಬ ಹುಡುಗನಂತೂ ಯಾವ ಲೋಹದ ಗೆರೆ ಎಲ್ಲಿ ಅನ್ನುವ ಟೇಬಲ್ ತೆಗೆದು ನೋಡಿದ. ಜಿರ್ಕೋನಿಯಂ ಗೆರೆ 15.8ರ ಹತ್ತಿರ ಇದೆ, ಹಾಗಾಗಿ ತಾಮ್ರದ ಹಾಳೆಯೇ ಕಲಬೆರಕೆ ಅಂತ ತೀರ್ಮಾನಿಸಿ, ಮಾರಿದವರ ಜೊತೆ ಜಗಳಕ್ಕೇ ನಿಂತಿದ್ದ. ಬುದ್ಧಿವಂತ ಹುಡುಗ, ಪ್ಲಾಸ್ಮಾ (ಲೇಸರ್ ಬಡಿತಕ್ಕೆ ಕಾದು ಎಲೆಕ್ಟ್ರಾನ್ ಕಳಚಿಕೊಂಡ ವಸ್ತು) ಬಗ್ಗೆ ನನಗಿಂತ ಜಾಸ್ತಿ ಓದಿಕೊಂಡಿದ್ದಾನೆ. ಕ್ಯಾಮೆರಾ ಏನನ್ನು ಅಳೆಯುತ್ತದೆ ಅಂತ ಮಾತ್ರ ಯಾರೂ ಅವನನ್ನು ಕೂರಿಸಿಕೊಂಡು ಹೇಳಿರಲಿಲ್ಲ.

ಕ್ಯಾಮೆರಾದೊಳಗಿನ ಸೆನ್ಸರ್ ಆದ ಸಿಸಿಡಿಯ ಪಿಕ್ಸೆಲ್ ಮೇಲೆ ಎಕ್ಸ್-ರೇ ಫೋಟಾನ್ (ಎಕ್ಸ್-ರೇಯ ಒಂದು ಕಣ) ಬಿದ್ದರೆ, 3.65 ಇವಿಗೆ ಒಂದರ ಲೆಕ್ಕದಲ್ಲಿ ಎಲೆಕ್ಟ್ರಾನ್‌ಗಳು ಹೊರಡುತ್ತವೆ. ತಾಮ್ರದ ಕೆ-ಆಲ್ಫಾ ಬಿದ್ದರೆ ಸುಮಾರು 2200. ಅದನ್ನು ನೋಡಿ ಫೋಟಾನ್‌ನ ಶಕ್ತಿ ಇಷ್ಟು ಅನ್ನುತ್ತೇವೆ. ಒಂದೇ ಪಿಕ್ಸೆಲ್‌ಗೆ ಎರಡು ಬಿದ್ದರೆ 4400. ಬಿದ್ದದ್ದು 8ರದ್ದು ಎರಡೋ, 16ರದ್ದು ಒಂದೋ, ಪಿಕ್ಸೆಲ್‌ಗೆ ಗೊತ್ತಿಲ್ಲ. ಗಾಂಧಿ ಬಜಾರಿನ ತಕ್ಕಡಿ ಎರಡು ಕೆಜಿ ಅನ್ನುತ್ತದೆ. ತಟ್ಟೆಯಲ್ಲಿರುವುದು ಒಂದು ಪಪ್ಪಾಯಿಯೋ ಎರಡೋ ಅಂತ ಅದನ್ನು ಕೇಳಿದರೆ ಆಗುತ್ತಾ?

"ಹಾಗಾದ್ರೆ ಎಕ್ಸ್‌ಪೋಷರ್ ಕಡಿಮೆ ಮಾಡ್ತೀವಿ ಮೇಡಂ."

ಇಲ್ಲೇ ನನ್ನ ತಾಳ್ಮೆ ಮುಗಿಯುವುದು. ಐರನ್-55 (ಎಕ್ಸ್-ರೇ ಸೂಸುವ ವಿಕಿರಣಶೀಲ ಕಬ್ಬಿಣ) ಇಟ್ಟು ಕ್ಯಾಲಿಬ್ರೇಟ್ ಮಾಡುವಾಗ ಆ ಮಾತು ಸರಿ. ಅಲ್ಲಿ ಫೋಟಾನ್‌ಗಳು ಒಂದಾದ ಮೇಲೊಂದು ಬರುತ್ತಲೇ ಇರುತ್ತವೆ, ಶಟರ್ ಬೇಗ ಮುಚ್ಚಿದರೆ ಕಡಿಮೆ ಬೀಳುತ್ತವೆ. ಫೆಮ್ಟೋಸೆಕೆಂಡ್ ಲೇಸರ್ ಬಡಿದ ತಾಮ್ರದಲ್ಲಿ ಹಾಗಲ್ಲ. ಪಿಕೋಸೆಕೆಂಡ್‌ಗಳಲ್ಲಿ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು) ಎಲ್ಲ ಮುಗಿದೇ ಹೋಗಿರುತ್ತದೆ. ಫ್ರೇಮಿಗೆ ಒಂದೇ ಶಾಟ್ ಅಂತ ಇಟ್ಟುಕೊಂಡರೆ, ಶಟರ್ ಒಂದು ಸೆಕೆಂಡ್ ತೆರೆದಿಟ್ಟರೂ ಅಷ್ಟೇ, 10 ಮಿಲಿಸೆಕೆಂಡ್ ಆದರೂ ಅಷ್ಟೇ. ಬರಬೇಕಾದ್ದೆಲ್ಲ ಒಟ್ಟಿಗೇ ಬಂದು ಬಿದ್ದಾಗಿದೆ. ಎಕ್ಸ್‌ಪೋಷರ್ ಇಳಿಸಿದರೆ ಡಾರ್ಕ್ ಕರೆಂಟ್ (ಏನೂ ಬೀಳದಿದ್ದರೂ ಪಿಕ್ಸೆಲ್‌ನಲ್ಲಿ ತಾನಾಗಿ ಸೇರುವ ಎಲೆಕ್ಟ್ರಾನ್‌ಗಳು) ಇಳಿದೀತು, ಇನ್ನೇನೂ ಬದಲಾಗುವುದಿಲ್ಲ.

ಎಷ್ಟು ಬಿದ್ದರೆ ಸರಿ? ಸರಾಸರಿ ಹತ್ತು ಪಿಕ್ಸೆಲ್‌ಗೆ ಒಂದು ಫೋಟಾನ್ ಬಿದ್ದಾಗಲೇ, ಫೋಟಾನ್ ಬಿದ್ದ ಪಿಕ್ಸೆಲ್‌ಗಳಲ್ಲಿ ಸುಮಾರು ಶೇ. 5ರಷ್ಟರಲ್ಲಿ ಎರಡೋ ಮೂರೋ ಇರುತ್ತವೆ. ಪಿಕ್ಸೆಲ್‌ಗೆ ಒಂದರಂತೆ ಬಿದ್ದರೆ ಅದು ಶೇ. 42ಕ್ಕೆ ಏರುತ್ತದೆ. ಒಂದು ಫೋಟಾನ್‌ನ ಎಲೆಕ್ಟ್ರಾನ್‌ಗಳು ಪಕ್ಕದ ಪಿಕ್ಸೆಲ್‌ಗೂ ಹರಿಯುವುದರಿಂದ ನಾನು ಇನ್ನೂ ಕಡಿಮೆ ಇಟ್ಟುಕೊಳ್ಳಿ ಅನ್ನುತ್ತೇನೆ. "ಸಿಗ್ನಲ್ ಜಾಸ್ತಿ ಇದ್ರೆ ಒಳ್ಳೇದಲ್ವಾ?" ಅಂತ ಕೇಳುತ್ತಾರೆ. 1024 x 1024 ಪಿಕ್ಸೆಲ್‌ನ ಕ್ಯಾಮೆರಾದಲ್ಲಿ ಹತ್ತಕ್ಕೊಂದು ಅಂದರೂ ಒಂದು ಶಾಟ್‌ಗೆ ಲಕ್ಷ ಫೋಟಾನ್. ಸಾಲದಾ?

ಸುಳ್ಳು ಗೆರೆ ಒಂದಾದರೆ ಕಣ್ಣಿಗೆ ಬೀಳುತ್ತದೆ. ಗೆರೆಯಿಲ್ಲದ ಕಡೆ ಇದೇ ತಪ್ಪು ಸದ್ದಿಲ್ಲದೆ ನುಸುಳುತ್ತದೆ. ಸಣ್ಣ ಸಣ್ಣ ಫೋಟಾನ್‌ಗಳು ಸೇರಿಕೊಂಡು ಸ್ಪೆಕ್ಟ್ರಮ್‌ನ, ಅಂದರೆ ಆ ಗ್ರಾಫಿನ, ಹೆಚ್ಚು ಶಕ್ತಿಯ ಕಡೆಯ ಬಾಲ ಉದ್ದವಾಗುತ್ತದೆ. ಆ ಬಾಲದ ಇಳಿಜಾರು ನೋಡಿಯೇ ಅಲ್ವಾ ಬಿಸಿ ಎಲೆಕ್ಟ್ರಾನ್‌ಗಳ ಉಷ್ಣತೆ ಹೇಳುವುದು? ಇಲ್ಲದ ಬಿಸಿ ಪೇಪರಿಗೆ ಹೋಗಿಬಿಡುತ್ತದೆ.

ಅನುಮಾನ ಬಂದರೆ ಕ್ಯಾಮೆರಾ ಮುಂದೆ 50 ಮೈಕ್ರಾನ್ ಅಲ್ಯೂಮಿನಿಯಂ ಹಾಳೆ ಇಡಿ. 8ರ ಗೆರೆ ಸುಮಾರು ಅರ್ಧಕ್ಕಿಳಿಯುತ್ತದೆ. ನಿಜವಾದ 16 ಆಗಿದ್ದರೆ ಹತ್ತರಲ್ಲೊಂದು ಪಾಲೂ ಇಳಿಯುವುದಿಲ್ಲ. ಜೋಡಿ ಬಿದ್ದದ್ದಾದರೆ ಎರಡೂ ಹಾಳೆ ದಾಟಬೇಕು, ಅರ್ಧದ ಅರ್ಧ, ಕಾಲು ಭಾಗಕ್ಕೆ ಕುಸಿಯುತ್ತದೆ. ಲೇಸರ್ ಶಾಟ್ ಶಾಟ್‌ಗೂ ಏರುಪೇರಾಗುತ್ತದೆ, ಆದ್ದರಿಂದ ಹಲವು ಶಾಟ್‌ಗಳ ಸರಾಸರಿ ತೆಗೆಯದೆ ಯಾವ ಕಡೆಗೂ ತೀರ್ಪು ಕೊಡಬೇಡಿ.

ಹಾಳೆಯನ್ನು ಅಲ್ಲೇ ಬಿಟ್ಟು ಸಮಸ್ಯೆ ಮುಗಿಯಿತು ಅಂದುಕೊಳ್ಳುವವರೂ ಇದ್ದಾರೆ. 4 ಕೆಇವಿ ಹತ್ತಿರದ್ದನ್ನೆಲ್ಲ ಅದು ಹೆಚ್ಚುಕಡಿಮೆ ಪೂರ್ತಿ ನುಂಗಿರುತ್ತದೆ. ಕ್ಯಾಮೆರಾವನ್ನು ದೂರ ಸರಿಸುವುದೇ ಒಳ್ಳೆಯದು: ಅರ್ಧ ಮೀಟರ್‌ನಿಂದ ಒಂದೂವರೆ ಮೀಟರ್‌ಗೆ ಹೋದರೆ ಬೀಳುವ ಫೋಟಾನ್ ಒಂಬತ್ತನೇ ಒಂದು ಪಾಲು. ಆದರೆ ನಡುವೆ ಗಾಳಿ ಇರಬಾರದು. ಒಂದು ಮೀಟರ್ ಗಾಳಿ ದಾಟುವಷ್ಟರಲ್ಲಿ 8 ಕೆಇವಿಯಲ್ಲೇ ಶೇ. 30ರಷ್ಟು ಮಾತ್ರ ಉಳಿಯುತ್ತದೆ, 4ರದ್ದು ಸುಮ್ನೆ ಮರೆತುಬಿಡಿ. ಚೇಂಬರಿಗೆ ಒಂದು ಉದ್ದ ಸ್ಟೀಲ್ ಪೈಪ್ ಜೋಡಿಸಿ ವ್ಯಾಕ್ಯೂಮ್ ಮಾಡಬೇಕು. ಹೊಸ ಕ್ಯಾಮೆರಾ ಬೇಕು ಅಂತ ಅರ್ಜಿ ಹಾಕುವ ಮೊದಲು ಈ ಪೈಪ್ ಮಾಡಿಸಲು ಪೀಣ್ಯದ ವರ್ಕ್‌ಶಾಪ್‌ಗಳಿಗೊಮ್ಮೆ ಹೋಗಿ ಬನ್ನಿ. ಫ್ಲೇಂಜ್‌ನ (ಪೈಪಿನ ತುದಿಯ ಜೋಡಣೆಯ ಬಳೆ) ವೆಲ್ಡ್ ಒಳಬದಿಯಲ್ಲಿ ಬರಬೇಕು ಅಂತ ಡ್ರಾಯಿಂಗ್‌ನಲ್ಲೇ ಬರೆದುಕೊಡಿ. ಬಾಯಲ್ಲಿ ಹೇಳಿದರೆ ಹೊರಗಿನಿಂದ ಹಾಕಿಬಿಡುತ್ತಾರೆ, ಆಮೇಲೆ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯಲು ದಿನಗಟ್ಟಲೆ ಪಂಪ್ ಓಡಿಸುತ್ತಾ ಕೂರಬೇಕಾಗುತ್ತದೆ.