ಪಾಪ್‌ಕಾರ್ನ್ ಸೀಲಿಂಗ್ ಕೆರೆಯುವ ಮುನ್ನ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ 1960 ಅಥವಾ 70ರ ದಶಕದಲ್ಲಿ ಕಟ್ಟಿದ ಮನೆಯೊಂದನ್ನು ಕೊಳ್ಳಲು ಹೋದವರು ಅಡುಗೆಮನೆ, ನೆಲ, ಹಿತ್ತಿಲುಗಳನ್ನೆಲ್ಲ ನೋಡಿ ಮುಗಿಸಿ ಒಮ್ಮೆ ತಲೆ ಎತ್ತಿದರೆ, ಮಂಡಕ್ಕಿಯನ್ನು ಅಂಟಿಸಿ ಅದರ ಮೇಲೆ ಸುಣ್ಣ ಬಳಿದಂತಿರುವ ಚಾವಣಿ ಕಾಣಿಸುವುದು ತೀರ ಸಾಮಾನ್ಯ. ಅಲ್ಲಿನವರ ಮಾತಿನಲ್ಲಿ ಅದು ಪಾಪ್‌ಕಾರ್ನ್ ಸೀಲಿಂಗ್. ಫ್ರೀಮಾಂಟ್, ಸನಿವೇಲ್, ಎಡಿಸನ್‌ನಂಥ ಊರುಗಳಲ್ಲಿ ಹಳೆಯ ಮನೆ ಕೊಂಡ ಕನ್ನಡಿಗರಿಗೂ ಇದು ಅಪರಿಚಿತವಲ್ಲ. ಧೂಳು ಹಿಡಿಯುವ, ಜೇಡರ ಬಲೆ ಬಿಡಿಸಲು ಹೋದರೆ ಉದುರುವ, ಒದ್ದೆ ಬಟ್ಟೆಯಲ್ಲಿ ಒರೆಸಲು ಬಾರದ ಈ ಮೇಲ್ಮೈಯನ್ನು ಕೆರೆದು ನುಣುಪು ಮಾಡಬೇಕೆಂಬ ಆಸೆ ಹೊಸ ಮಾಲೀಕರಿಗೆ ಸಹಜವಾಗಿಯೇ ಬರುತ್ತದೆ. ಒಂದು ಏಣಿ, ಒಂದು ಪುಟ್ಟಿ ಬ್ಲೇಡು, ಒಂದು ಶನಿವಾರ ಇದ್ದರೆ ಸಾಕು ಎನಿಸುವ ಈ ಕೆಲಸದಲ್ಲಿ ಕೆರೆಯುವುದೇ ಎಲ್ಲಕ್ಕಿಂತ ಸುಲಭದ ಭಾಗ. ಅದಕ್ಕೆ ಮೊದಲು ಆ ಪದರದಲ್ಲಿ ಏನಿದೆ ಎಂಬುದೂ, ಅದಾದ ಮೇಲೆ ಅದರ ಹಿಂದೆ ಏನಿತ್ತು ಎಂಬುದೂ ತಿಳಿಯದೆ ಬ್ಲೇಡು ಎತ್ತಿಕೊಳ್ಳುವುದು ಜಾಣತನವಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಮನೆಗಳನ್ನು ಕಾರ್ಖಾನೆಯ ವೇಗದಲ್ಲಿ ಕಟ್ಟತೊಡಗಿದರು. ಮರದ ಪಟ್ಟಿಗಳ ಮೇಲೆ ಗಾರೆಯನ್ನು ಹಲವು ಸಲ ಬಳಿದು ಒಣಗಿಸುವ ಹಳೆಯ ಪದ್ಧತಿಯ ಜಾಗಕ್ಕೆ ಕಾಗದದ ಹೊದಿಕೆಯುಳ್ಳ ಜಿಪ್ಸಮ್ ಹಲಗೆಗಳು ಬಂದವು. ಹಲಗೆಯನ್ನು ಜಂತೆಗೆ ಹೊಡೆಯುವುದು ಬೇಗ ಆಗುತ್ತದೆ. ಎರಡು ಹಲಗೆಗಳ ನಡುವಿನ ಸಂದಿಗೆ ಕಾಗದದ ಪಟ್ಟಿ ಅಂಟಿಸಿ, ಮೇಲೆ ಪುಟ್ಟಿ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿದು ಸಂದಿಯೇ ಕಾಣದಂತೆ ಮಾಡುವುದಕ್ಕೆ ಮಾತ್ರ ನುರಿತ ಕೈ ಬೇಕು, ದಿನಗಳು ಬೇಕು. ತಲೆಯ ಮೇಲೆ ಕೈ ಎತ್ತಿಕೊಂಡು ಮಾಡುವ ಈ ಕೆಲಸವನ್ನು ತಪ್ಪಿಸಲು ಕಂಡುಕೊಂಡ ಉಪಾಯವೇ ದಪ್ಪ ಕಾಳುಗಳಿರುವ ಬಿಳಿ ಮಿಶ್ರಣವನ್ನು ಯಂತ್ರದಿಂದ ಸಿಂಪಡಿಸಿಬಿಡುವುದು. ಒಂದೇ ಸಿಂಪಡಣೆಗೆ ಸಂದಿ, ಮೊಳೆ, ಸೊಟ್ಟ ಎಲ್ಲವೂ ಮರೆಯಾಗುತ್ತಿದ್ದವು, ಬಣ್ಣದ ಖರ್ಚೂ ಉಳಿಯುತ್ತಿತ್ತು.

ಇದನ್ನು ಮಾರಿದ್ದು ಮಾತ್ರ ಸದ್ದು ಹೀರುವ ಚಾವಣಿ ಎಂಬ ಹೆಸರಿನಲ್ಲಿ. ಈ ಹೆಗ್ಗಳಿಕೆಯಲ್ಲಿ ಹುರುಳು ಕಡಿಮೆ. ರಂಧ್ರಗಳುಳ್ಳ ವಸ್ತುವೊಂದು ಶಬ್ದವನ್ನು ಚೆನ್ನಾಗಿ ಹೀರಬೇಕಾದರೆ ಅದರ ದಪ್ಪ ಆ ಶಬ್ದದ ತರಂಗಾಂತರದ ಕಾಲು ಭಾಗದ ಆಸುಪಾಸಿನಲ್ಲಿರಬೇಕು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಹಾಗಾಗಿ ಮಾತಿನಲ್ಲಿ ಧಾರಾಳವಾಗಿರುವ 500 ಹರ್ಟ್ಸ್ ಶಬ್ದದ ತರಂಗಾಂತರ 68 ಸೆಂಟಿಮೀಟರ್, ಅದರ ಕಾಲು ಭಾಗ 17 ಸೆಂಟಿಮೀಟರ್. ಚಾವಣಿಯ ಮೇಲಿನ ಪದರವೋ ಐದಾರು ಮಿಲಿಮೀಟರ್. ತೀರ ಕೀಚಲು ದನಿಗಳ ಅಂಚನ್ನು ಅದು ಒಂದಿಷ್ಟು ಮೊಂಡಾಗಿಸಬಹುದು. ಮೇಲಿನ ಅಂತಸ್ತಿನಲ್ಲಿ ಮಕ್ಕಳು ಓಡಾಡುವ ಧಡಧಡ ಶಬ್ದ ಜಂತೆಗಳ ಮೂಲಕವೇ ಇಳಿದು ಬರುವುದರಿಂದ ಅದರ ಮುಂದೆ ಈ ಪದರ ಲೆಕ್ಕಕ್ಕೇ ಇಲ್ಲ. ಆದ್ದರಿಂದ ಕೆರೆದ ಮೇಲೆ ಮನೆ ಗದ್ದಲದ ಗೂಡಾಗುತ್ತದೆ ಎಂದು ಹೆದರಬೇಕಾಗಿಲ್ಲ.

ಹೆದರಬೇಕಾದದ್ದು ಆ ಮಿಶ್ರಣದೊಳಗೆ ಇರಬಹುದಾದ ಕಲ್ನಾರಿಗೆ, ಅಂದರೆ ಆಸ್ಬೆಸ್ಟಾಸ್‌ಗೆ. ಪಿಷ್ಟದಂಥ ಅಂಟು, ಸುಣ್ಣಕಲ್ಲಿನ ಪುಡಿ, ಬಿಳಿ ವರ್ಣದ್ರವ್ಯ ಇವುಗಳ ಜೊತೆಗೆ ಕಾಳಿಗಾಗಿ ಪಾಲಿಸ್ಟೈರೀನ್ ಮಣಿಗಳನ್ನೋ ಕಾಯಿಸಿ ಅರಳಿಸಿದ ವರ್ಮಿಕ್ಯುಲೈಟ್ ಖನಿಜವನ್ನೋ ಬೆರೆಸುತ್ತಿದ್ದರು. ಮಿಶ್ರಣ ಜಾರದೆ ಚಾವಣಿಗೆ ಕಚ್ಚಿಕೊಳ್ಳಲಿ, ಬೆಂಕಿಗೆ ಜಗ್ಗದಿರಲಿ ಎಂದು ಹಲವು ತಯಾರಕರು ಅದಕ್ಕೆ ಕ್ರೈಸೊಟೈಲ್ ಎಂಬ ಬಿಳಿ ಕಲ್ನಾರನ್ನೂ ಸೇರಿಸಿದರು. ವರ್ಮಿಕ್ಯುಲೈಟ್ ಕೂಡ ನಿರಪಾಯವಾಗಿರಲಿಲ್ಲ. 1919ರಿಂದ 1990ರವರೆಗೆ ಅಮೆರಿಕದಲ್ಲಿ ಮಾರಾಟವಾದ ವರ್ಮಿಕ್ಯುಲೈಟ್‌ನಲ್ಲಿ ಶೇ. 70ಕ್ಕೂ ಹೆಚ್ಚು ಬಂದದ್ದು ಮೊಂಟಾನಾ ರಾಜ್ಯದ ಲಿಬ್ಬಿ ಎಂಬ ಊರಿನ ಗಣಿಯಿಂದ, ಆ ಗಣಿಯ ಅದಿರಿನೊಳಗೇ ಆಂಫಿಬೋಲ್ ಜಾತಿಯ ಕಲ್ನಾರು ಬೆರೆತಿತ್ತು. ಅಲ್ಲಿನ ಜನ ಪಟ್ಟ ಪಾಡನ್ನು ಕಂಡು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2009ರಲ್ಲಿ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿಯನ್ನೇ ಘೋಷಿಸಬೇಕಾಯಿತು.

ಉಷ್ಣನಿರೋಧಕ್ಕೂ ಬೆಂಕಿ ತಡೆಗೂ ಕಲ್ನಾರು ಸಿಂಪಡಿಸುವುದನ್ನು ಅದೇ ಸಂಸ್ಥೆ 1973ರಲ್ಲಿ ನಿಷೇಧಿಸಿತು; ಅಲಂಕಾರದ ಸಿಂಪಡಣೆಗೆ ನಿಷೇಧ ವಿಸ್ತರಿಸಿದ್ದು 1978ರಲ್ಲಿ. ಆದರೆ ಅದಾಗಲೇ ಗೋದಾಮಿನಲ್ಲಿದ್ದ ಚೀಲಗಳು ಮುಂದೆಯೂ ಬಳಕೆಯಾದವು. ಹೀಗಾಗಿ 1980ರ ದಶಕದ ಮೊದಲ ವರ್ಷಗಳಲ್ಲಿ ಕಟ್ಟಿದ ಮನೆಯಲ್ಲೂ ಕಲ್ನಾರು ಇರಬಹುದು, 1965ರ ಮನೆಯಲ್ಲಿ ಇಲ್ಲದೆಯೂ ಇರಬಹುದು. ಮನೆ ಕಟ್ಟಿದ ಇಸವಿಯನ್ನು ನೋಡಿ ಧೈರ್ಯ ತಂದುಕೊಳ್ಳುವವರನ್ನು ಕಂಡರೆ ನನಗೆ ಅಚ್ಚರಿಯಾಗುತ್ತದೆ.

ಕ್ರೈಸೊಟೈಲ್‌ನ ರಚನೆ ಭಯವನ್ನು ಬದಿಗಿಟ್ಟು ನೋಡಿದರೆ ನಿಜಕ್ಕೂ ಸೊಗಸಾದದ್ದು. ಅದರ ಹರಳಿನಲ್ಲಿ ಸಿಲಿಕಾದ ಒಂದು ಹಾಳೆಯೂ ಮೆಗ್ನೀಸಿಯಂ ಹೈಡ್ರಾಕ್ಸೈಡ್‌ನ ಒಂದು ಹಾಳೆಯೂ ಬೆಸೆದುಕೊಂಡಿರುತ್ತವೆ. ಎರಡನೆಯ ಹಾಳೆಯ ಅಳತೆ ಮೊದಲನೆಯದಕ್ಕಿಂತ ತುಸು ದೊಡ್ಡದಾದ ಕಾರಣ ಜೋಡಿ ಹಾಳೆ ಚಪ್ಪಟೆಯಾಗಿ ನಿಲ್ಲಲಾರದೆ ಸುರುಳಿ ಸುತ್ತಿಕೊಂಡು ಟೊಳ್ಳು ನಾಳವಾಗುತ್ತದೆ. ಅಂಥ ಒಂದು ನಾಳದ ಅಡ್ಡಳತೆ 20ರಿಂದ 40 ನ್ಯಾನೊಮೀಟರ್. ತಲೆಗೂದಲು ಅದಕ್ಕಿಂತ ಎರಡು ಸಾವಿರ ಪಟ್ಟು ದಪ್ಪ. ನಾವು ಎಳೆ ಎಂದು ಕರೆಯುವುದು ಇಂಥ ಅನೇಕ ನಾಳಗಳ ಕಟ್ಟು. ತಿಕ್ಕಿದಷ್ಟೂ ಅದು ಅಡ್ಡಕ್ಕೆ ತುಂಡಾಗುವ ಬದಲು ಉದ್ದಕ್ಕೆ ಸೀಳಿ ಇನ್ನಷ್ಟು ತೆಳ್ಳಗಾಗುತ್ತದೆ. ತೆಳ್ಳಗಾದಷ್ಟೂ ನಿಧಾನವಾಗಿ ನೆಲಕ್ಕಿಳಿಯುತ್ತದೆ, ಅಲುಗದ ಗಾಳಿಯಲ್ಲಿಯೂ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ತೇಲುತ್ತಿರುತ್ತದೆ, ಮತ್ತು ಕಸ ಗುಡಿಸಿದರೆ ಪುನಃ ಮೇಲೇಳುತ್ತದೆ.

ಉಸಿರಿನೊಂದಿಗೆ ಪುಪ್ಪುಸದ ತುದಿಯ ಗಾಳಿಗೂಡುಗಳನ್ನು ತಲುಪಿದ ಧೂಳನ್ನು ಅಲ್ಲಿ ಕಾವಲಿರುವ ಮ್ಯಾಕ್ರೊಫೇಜ್ ಕೋಶಗಳು ನುಂಗಿ ತೆಗೆಯುತ್ತವೆ. ಆ ಕೋಶದ ಅಡ್ಡಳತೆ ಸುಮಾರು 20 ಮೈಕ್ರೊಮೀಟರ್. ಅದಕ್ಕಿಂತ ಉದ್ದದ ಎಳೆಯನ್ನು ಅದು ಪೂರ್ತಿ ನುಂಗಲಾರದು, ಬಿಡಲೂ ಆರದು. ಅರೆನುಂಗಿದ ಸ್ಥಿತಿಯಲ್ಲಿ ಕೋಶ ಕ್ರಿಯಾಶೀಲ ಆಮ್ಲಜನಕ ಅಣುಗಳನ್ನೂ ಉರಿಯೂತದ ಸಂಕೇತಗಳನ್ನೂ ಸೋರಿಸುತ್ತಲೇ ಇರುತ್ತದೆ. ವರ್ಷಗಳು ಕಳೆದಂತೆ ಅಕ್ಕಪಕ್ಕದ ಕೋಶಗಳ ಡಿಎನ್‌ಎಗೆ ಪೆಟ್ಟು ಬೀಳುತ್ತದೆ. ಪುಪ್ಪುಸ ಗಟ್ಟಿಯಾಗುವ ಆಸ್ಬೆಸ್ಟೋಸಿಸ್, ಪುಪ್ಪುಸದ ಕ್ಯಾನ್ಸರ್, ಪುಪ್ಪುಸದ ಹೊರಪೊರೆಯ ಮೀಸೊಥೀಲಿಯೋಮ ಎಂಬ ಕ್ಯಾನ್ಸರ್ ಇವೆಲ್ಲ ಇದರ ಫಲ. ಎಳೆ ಒಳಹೋಗುವುದಕ್ಕೂ ಕ್ಯಾನ್ಸರ್ ಕಾಣಿಸಿಕೊಳ್ಳುವುದಕ್ಕೂ ನಡುವೆ 20, 30, 40 ವರ್ಷಗಳ ಅಂತರ ಇರುವುದರಿಂದಲೇ ಅಪಾಯ ಯಾರ ಅನುಭವಕ್ಕೂ ಬೇಗ ಬರುವುದಿಲ್ಲ. ನ್ಯೂಯಾರ್ಕಿನ ವೈದ್ಯ ಇರ್ವಿಂಗ್ ಸೆಲಿಕಾಫ್ ಉಷ್ಣನಿರೋಧಕ ಕೆಲಸಗಾರರ ಅಧ್ಯಯನವನ್ನು 1964ರಲ್ಲಿ ಪ್ರಕಟಿಸಿದಾಗ ಈ ನಂಟು ಜಗಜ್ಜಾಹೀರಾಯಿತು. ಅಂಥವರು ವರ್ಷಾನುಗಟ್ಟಲೆ ಆ ಧೂಳಿನಲ್ಲಿ ದುಡಿದವರು. ಒಂದು ಕೋಣೆಯ ಚಾವಣಿಯನ್ನು ಒಮ್ಮೆ ಕೆರೆದವರ ಅಪಾಯ ಅವರದಕ್ಕಿಂತ ಬಹಳ ಕಡಿಮೆ ಎಂಬುದನ್ನೂ ಹೇಳಬೇಕು. ಆದರೆ ಇಷ್ಟರವರೆಗೆ ಸುರಕ್ಷಿತ ಎಂದು ಗೆರೆ ಎಳೆದು ತೋರಿಸಬಲ್ಲ ಪ್ರಮಾಣ ಯಾವುದೂ ಗೊತ್ತಾಗಿಲ್ಲ.

ನಮ್ಮ ಊರುಗಳ ಸಿಮೆಂಟ್ ಶೀಟಿನ ಮಾಡುಗಳಲ್ಲೂ ಇದೇ ಕ್ರೈಸೊಟೈಲ್ ಇದೆಯಲ್ಲ ಎಂದು ಓದುಗರು ಕೇಳಬಹುದು. ಇದೆ. ಶೀಟಿನಲ್ಲಿ ಎಳೆಗಳು ಸಿಮೆಂಟಿನೊಳಗೆ ಹುದುಗಿರುತ್ತವೆ. ಕತ್ತರಿಸಿದಾಗ, ತೂತು ಕೊರೆದಾಗ, ಹಳತಾಗಿ ಮೈ ಸವೆದಾಗ ಹೊರಬರುತ್ತವೆ. ಪಾಪ್‌ಕಾರ್ನ್ ಪದರವನ್ನಾದರೋ ಬೆರಳಲ್ಲೇ ಪುಡಿ ಮಾಡಬಹುದು. ಮುಟ್ಟದೆ ಬಿಟ್ಟರೆ ಅದು ಸುಮ್ಮನಿರುತ್ತದೆ. ಒಣಗಿರುವಾಗ ಕೆರೆದರೆ ಮನೆಯ ಮೂಲೆಮೂಲೆಗೂ ಎಳೆ ತಲುಪಿಸಿದಂತೆಯೇ ಸರಿ.

ಹಾಗಾಗಿ ಮೊದಲು ಪರೀಕ್ಷೆ. ಚಾವಣಿಯ ಪುಟ್ಟ ಜಾಗವೊಂದನ್ನು ಸೋಪು ಬೆರೆಸಿದ ನೀರಿನಿಂದ ನೆನೆಸಿ, ಒಂದು ಚಮಚದಷ್ಟು ಪದರವನ್ನು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಚೀಲಕ್ಕೆ ಬೀಳಿಸಿ, ಒಂದೇ ಕಡೆಯಿಂದಲ್ಲದೆ ಬೇರೆಬೇರೆ ಕಡೆಗಳಿಂದ ಮಾದರಿ ತೆಗೆಯಬೇಕು. ಅಮೆರಿಕದ ಶಾಲಾ ಕಟ್ಟಡಗಳ ನಿಯಮದ ಪ್ರಕಾರ ಇಂಥ ಮೇಲ್ಮೈ 1,000 ಚದರ ಅಡಿಯೊಳಗಿದ್ದರೂ ಕನಿಷ್ಠ ಮೂರು ಮಾದರಿ ಬೇಕು; ಮನೆಗೂ ಅದನ್ನೇ ಅನುಸರಿಸುವುದು ಒಳ್ಳೆಯದು, ಏಕೆಂದರೆ ಸಿಂಪಡಿಸಿದವನು ಮಧ್ಯದಲ್ಲಿ ಚೀಲ ಬದಲಿಸಿರಬಹುದು. ಪ್ರಯೋಗಾಲಯದಲ್ಲಿ ಮಾದರಿಯನ್ನು 1.550 ವಕ್ರೀಭವನಾಂಕದ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಎಣ್ಣೆಯಲ್ಲಿಟ್ಟು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕ್ರೈಸೊಟೈಲ್‌ನ ವಕ್ರೀಭವನಾಂಕವೂ ಅದರ ಹತ್ತಿರದ್ದೇ ಆದ್ದರಿಂದ, ವರ್ಣವಿಭಜನೆಯನ್ನು ಎತ್ತಿ ತೋರಿಸುವ ವಿಶೇಷ ಮಸೂರದಲ್ಲಿ ಎಳೆ ಒಂದು ದಿಕ್ಕಿಗೆ ತಿರುಗಿದಾಗ ಕೆನ್ನೇರಳೆಯಾಗಿ, ಅಡ್ಡ ತಿರುಗಿದಾಗ ನೀಲಿಯಾಗಿ ಹೊಳೆಯುತ್ತದೆ. ಕಾಗದದ ನಾರಾಗಲಿ ಗಾಜಿನ ಎಳೆಯಾಗಲಿ ಹೀಗೆ ಕಾಣುವುದಿಲ್ಲ. ಶೇ. 1ಕ್ಕಿಂತ ಹೆಚ್ಚು ಕಂಡರೆ ಅದು ಕಾನೂನಿನ ಕಣ್ಣಿನಲ್ಲಿ ಕಲ್ನಾರುಳ್ಳ ವಸ್ತು.

ಅಲ್ಲಿನ ಕೇಂದ್ರ ನಿಯಮಗಳು ನಾಲ್ಕು ಅಥವಾ ಅದಕ್ಕೂ ಕಡಿಮೆ ವಾಸದ ಘಟಕಗಳಿರುವ ಕಟ್ಟಡಗಳಿಗೆ ಬಹುಮಟ್ಟಿಗೆ ವಿನಾಯಿತಿ ಕೊಡುತ್ತವೆ, ರಾಜ್ಯಗಳ ನಿಯಮ ಬೇರೆಬೇರೆ. ವಿನಾಯಿತಿ ಇದೆ ಎಂಬ ಕಾರಣಕ್ಕೆ ಕಲ್ನಾರಿನ ಚಾವಣಿಯನ್ನು ತಾವೇ ಕೆರೆಯಲು ಹೊರಡುವುದು ನನಗಂತೂ ಸರಿ ಕಾಣುವುದಿಲ್ಲ. ಪರವಾನಗಿಯುಳ್ಳ ಕೆಲಸಗಾರರು ಕೋಣೆಯನ್ನು ದಪ್ಪ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಒಳಗಿನ ಗಾಳಿಯನ್ನು ಫ್ಯಾನಿನಿಂದ ಎಳೆದು, ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಶೋಧಕದ ಮೂಲಕ ಹೊರಬಿಡುತ್ತಾರೆ; ಒಳಗಿನ ಒತ್ತಡ ತುಸು ಕಡಿಮೆಯಾಗಿ, ಸಂದುಗಳಲ್ಲಿ ಗಾಳಿ ಹೊರಗಿನಿಂದ ಒಳಕ್ಕೆ ಮಾತ್ರ ನುಸುಳುತ್ತದೆ. ಹೆಪಾ ಶೋಧಕವನ್ನು 0.3 ಮೈಕ್ರೊಮೀಟರ್ ಕಣಗಳ ಮೇಲೆಯೇ ಪರೀಕ್ಷಿಸುವುದಕ್ಕೆ ಕಾರಣವಿದೆ. ಅದಕ್ಕಿಂತ ದೊಡ್ಡವು ತಿರುವಿನಲ್ಲಿ ಗಾಳಿಯ ಜೊತೆ ಹೊರಳಲಾರದೆ ನಾರಿಗೆ ಬಡಿಯುತ್ತವೆ, ಚಿಕ್ಕವು ಅಣುಗಳ ತಳ್ಳಾಟಕ್ಕೆ ಸಿಕ್ಕಿ ಅಡ್ಡಾದಿಡ್ಡಿ ಅಲೆದು ನಾರಿಗೆ ಅಂಟುತ್ತವೆ. ನಡುವಿನ ಗಾತ್ರದವೇ ತಪ್ಪಿಸಿಕೊಳ್ಳುವುದರಲ್ಲಿ ನಿಪುಣ. ಅವುಗಳಲ್ಲೂ ಶೇ. 99.97ರಷ್ಟನ್ನು ಹಿಡಿದರೆ ಶೋಧಕ ಪಾಸು. ಮನೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಎಳೆಗಳನ್ನು ಹಿಂದಿನಿಂದ ಉಗುಳುತ್ತದೆಯಾದ್ದರಿಂದ ಅದನ್ನು ಹತ್ತಿರವೂ ತರಬಾರದು.

ಕಲ್ನಾರಿಲ್ಲ ಎಂದು ವರದಿ ಬಂದರೆ ಮಾಲೀಕರೇ ಕೆಲಸಕ್ಕೆ ಇಳಿಯಬಹುದು. ಆಗಲೂ ಆಯುಧ ನೀರೇ. ಪದರವನ್ನು ಹಿಡಿದಿಟ್ಟಿರುವ ಅಂಟು ನೀರಿನಲ್ಲಿ ಕಲಸಿದ್ದು, ನೀರು ಕುಡಿದರೆ ಪುನಃ ಮೆದುವಾಗುತ್ತದೆ. ನಾಲ್ಕಾರು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದರೆ ನೀರಿನ ಮೇಲ್ಮೈ ಸೆಳೆತ ಅರ್ಧಕ್ಕೂ ಕೆಳಗಿಳಿದು, ಅದು ಹನಿಯಾಗಿ ಉರುಳಿ ಬೀಳದೆ ರಂಧ್ರಗಳೊಳಗೆ ಇಂಗುತ್ತದೆ. ತೋಟಕ್ಕೆ ಔಷಧಿ ಹೊಡೆಯುವ ಪಂಪಿನಿಂದ ಹದವಾಗಿ ಸಿಂಪಡಿಸಿ, ಹದಿನೈದು ನಿಮಿಷ ಬಿಟ್ಟು, ಮೂಲೆಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದ ಅಗಲ ಬ್ಲೇಡಿನಿಂದ ಸವರಿದರೆ ಪದರ ಮೊಸರಿನ ಗಟ್ಟಿಯಷ್ಟು ಮೆತ್ತಗೆ ಕಳಚುತ್ತದೆ. ನೀರು ಕಡಿಮೆಯಾದರೆ ಧೂಳು. ಹೆಚ್ಚಾದರೆ ಜಿಪ್ಸಮ್ ಹಲಗೆಯ ಕಾಗದ ನೆನೆದು ಬ್ಲೇಡಿನ ಜೊತೆಗೇ ಸುಲಿದು ಬರುತ್ತದೆ. ಹಲಗೆಯ ಬಲವಿರುವುದು ಬಹುಪಾಲು ಆ ಕಾಗದದಲ್ಲೇ. ವಿದ್ಯುತ್ ಸಂಪರ್ಕವನ್ನು ಮೊದಲೇ ತೆಗೆದಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನುಣುಪಾದ ಚಾವಣಿಯನ್ನು ನಿರೀಕ್ಷಿಸಿದವರಿಗೆ ಕಾಣಸಿಗುವುದು ಹಿಂದಿನವರು ಮುಚ್ಚಿಟ್ಟಿದ್ದ ಸಂದಿಗಳು. ಕಿಟಕಿಯ ಬೆಳಕು ಚಾವಣಿಯನ್ನು ಸವರಿಕೊಂಡು ಹೋಗುವುದರಿಂದ ಅಲ್ಲಿನ ಸಣ್ಣ ಕೊರತೆಯೂ ದೊಡ್ಡದಾಗಿ ತೋರುತ್ತದೆ. ಮೇಲ್ಮೈಯ ಹೊಳಪು ಬೆಳಕು ಬೀಳುವ ಕೋನದ ಕೊಸೈನಿಗೆ ಅನುಗುಣ. ಬೆಳಕು ನೇರವಾಗಿ ಬಿದ್ದಾಗ ಮೇಲ್ಮೈ ಒಂದು ಡಿಗ್ರಿ ವಾಲಿದರೆ ಹೊಳಪಿನ ವ್ಯತ್ಯಾಸ ಶೇ. 0.015 ಮಾತ್ರ, ಯಾರಿಗೂ ಕಾಣದು. ಅದೇ ಬೆಳಕು ಲಂಬಕ್ಕೆ 85 ಡಿಗ್ರಿ ಓರೆಯಾಗಿ ಬಂದರೆ ಅಷ್ಟೇ ವಾಲಿಕೆಗೆ ಹೊಳಪು ಶೇ. 20ರಷ್ಟು ಬದಲಾಗುತ್ತದೆ. ಒಂದು ಡಿಗ್ರಿ ಎಂದರೆ ಸುಮಾರು ಆರು ಸೆಂಟಿಮೀಟರ್ ದೂರದಲ್ಲಿ ಒಂದು ಮಿಲಿಮೀಟರ್ ಏರು; ಕಾಗದದ ಪಟ್ಟಿ ಅಂಟಿಸಿದ ಸಂದಿಯಲ್ಲಿ ಇಷ್ಟು ಸಹಜ. ಪುಟ್ಟಿಯನ್ನು ಸಂದಿಯ ಎರಡೂ ಬದಿಗೆ 30 ಸೆಂಟಿಮೀಟರ್ ತನಕ ತೆಳ್ಳಗೆ ಎಳೆದರೆ ಅದೇ ಒಂದು ಮಿಲಿಮೀಟರ್ ಏರು ಹರಡಿಹೋಗಿ ವ್ಯತ್ಯಾಸ ಶೇ. 4ರ ಹತ್ತಿರಕ್ಕೆ ಇಳಿಯುತ್ತದೆ, ಅದೂ ನಿಧಾನವಾಗಿ ಬದಲಾಗುವುದರಿಂದ ಕಣ್ಣು ಗುರುತಿಸುವುದಿಲ್ಲ. ಚಾವಣಿಗೆ ಹೊಳಪಿನ ಬಣ್ಣ ಬಿಟ್ಟು ಮಂಕು ಬಣ್ಣ ಬಳಿಯುವುದೂ ಇದೇ ಕಾರಣಕ್ಕೆ. ಕೆರೆಯಲು ಒಂದು ದಿನ ಹಿಡಿದರೆ ಈ ಪುಟ್ಟಿ ಕೆಲಸಕ್ಕೆ ಅದರ ಮೂರು ಪಟ್ಟು ಹಿಡಿದರೂ ಆಶ್ಚರ್ಯವಿಲ್ಲ.

ಹಿಂದಿನ ಯಾರೋ ಪಾಪ್‌ಕಾರ್ನ್ ಮೇಲೆ ಬಣ್ಣ ಬಳಿದಿದ್ದರೆ ಲೆಕ್ಕವೇ ಬೇರೆ. ಬಣ್ಣದ ಪೊರೆ ನೀರನ್ನು ಒಳಗೆ ಬಿಡುವುದಿಲ್ಲ. 1978ಕ್ಕೆ ಮುಂಚಿನ ಬಣ್ಣವಾಗಿದ್ದರೆ ಸೀಸವೂ ಇರಬಹುದು. ಬಣ್ಣ ಬಳಿದ ಚಾವಣಿಗೂ ಕಲ್ನಾರಿನ ಚಾವಣಿಗೂ ನಾನು ಮೆಚ್ಚುವ ಉಪಾಯ ಕೆರೆಯುವುದಲ್ಲ, ಮುಚ್ಚುವುದು. ಒಂದು ಸೆಂಟಿಮೀಟರಿಗೂ ತೆಳ್ಳಗಿನ ಹೊಸ ಜಿಪ್ಸಮ್ ಹಲಗೆಗಳನ್ನು ಹಳೆಯದರ ಕೆಳಗೆ ಜಂತೆಗಳಿಗೇ ಸ್ಕ್ರೂ ಹಾಕಿ ಕೂರಿಸಿದರೆ ಪ್ರತಿ ಚದರ ಮೀಟರಿಗೆ ಆರೇಳು ಕಿಲೋ ಭಾರ ಹೆಚ್ಚುತ್ತದೆ, ಕೋಣೆಯ ಎತ್ತರ ಒಂದು ಬೆರಳಿನಷ್ಟು ಕುಗ್ಗುತ್ತದೆ. ಕಲ್ನಾರಿದ್ದರೆ ಸ್ಕ್ರೂ ತೂರುವ ಜಾಗಗಳಲ್ಲಿ ಒಂದಿಷ್ಟು ಎಳೆ ಏಳುವುದರಿಂದ ಅದನ್ನೂ ಪರವಾನಗಿಯವರಿಂದ, ನೆನೆಸಿಯೇ ಮಾಡಿಸಬೇಕು. ಹೊಸ ಹಲಗೆಯ ಹಿಂದೆ ಏನು ಉಳಿದಿದೆ ಎಂಬುದನ್ನು ಪ್ರಯೋಗಾಲಯದ ವರದಿಯ ಸಮೇತ ಮನೆಯ ಕಾಗದಪತ್ರಗಳಲ್ಲಿ ಇಡಬೇಕು, ಏಕೆಂದರೆ ಮುಂದೆ ಫ್ಯಾನು ತೂಗುಹಾಕಲೆಂದು ಅಲ್ಲಿ ತೂತು ಕೊರೆಯುವವರಿಗೆ ಚಾವಣಿಯನ್ನು ನೋಡಿ ಅದು ತಿಳಿಯುವ ಸಂಭವವಿಲ್ಲ.